ನೋಯದ ಬಾಯಿಹುಣ್ಣು: ಪಿಂಪ್ರಿಯ ಒಂದು ಆಪ್ತಸಲಹೆ ಪ್ರಕರಣ

ವಯಸ್ಸು 22. ಊರು ವಿಜಯಪುರ ಜಿಲ್ಲೆಯ ಹಳ್ಳಿ. ಚಾಕಣದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ, ಪಿಂಪ್ರಿ ಕಡೆ ನಾಲ್ವರು ಸೇರಿ ಹಿಡಿದ ಬಾಡಿಗೆ ಖೋಲಿ. (ಗುರುತು ಸಿಗದಂತೆ ಊರು, ಕೆಲಸ, ವಯಸ್ಸು ಅಷ್ಟಿಷ್ಟು ಬದಲಿಸಿದೆ.) ದೂರು ಒಂದೇ: ಕೆಳದುಟಿಯ ಒಳಗೆ ಹುಣ್ಣು, 24 ದಿನವಾದರೂ ಮಾಯ್ದಿಲ್ಲ.

"ಉಷ್ಣ ಆಗೈತ್ರಿ ಮೇಡಂ, ನೈಟ್ ಶಿಫ್ಟ್ ಅಲ್ರಿ" ಎಂದ. ಮೆಡಿಕಲ್ ಅಂಗಡಿಯವರೂ ಅದನ್ನೇ ನಂಬಿ ಮೊದಲು ಬಿ-ಕಾಂಪ್ಲೆಕ್ಸ್, ಆಮೇಲೆ ಹಚ್ಚುವ ಜೆಲ್, ಕೊನೆಗೆ ಅಜಿಥ್ರೋಮೈಸಿನ್ 500ರ 3 ಗುಳಿಗೆ ಕೊಟ್ಟಿದ್ದರು. ಅಂದಹಾಗೆ, ಮರಾಠಿಯ ಹಳೆಯ ಜನ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್‌ಗೇ 'ಗರಮಿ', ಅಂದರೆ ಉಷ್ಣ, ಎನ್ನುತ್ತಿದ್ದರು. ಹುಡುಗ ಹೇಳಿದ್ದು ತನಗೇ ಗೊತ್ತಿಲ್ಲದಂತೆ ಅರ್ಧ ಸರಿಯಿತ್ತು.

ಅವನು ಮಾವಾ (ಅಡಿಕೆ, ತಂಬಾಕು, ಸುಣ್ಣದ ಮಿಶ್ರಣ) ತಿನ್ನುತ್ತಾನೆ, ದಿನಕ್ಕೆ 6 ಪುಡಿ. ಮಾವಾ ಒತ್ತಿಟ್ಟುಕೊಳ್ಳುವ ಜಾಗದ ಪಕ್ಕದಲ್ಲೇ ಹುಣ್ಣು ಇದ್ದದ್ದರಿಂದ ದಂತವೈದ್ಯರೊಬ್ಬರು ಬಯಾಪ್ಸಿಯ (ಚೂರು ಕತ್ತರಿಸಿ ಪರೀಕ್ಷಿಸುವ) ಮಾತೆತ್ತಿದ್ದರು. ಹೆದರಿ ಮತ್ತೆ ಅತ್ತ ಹೋಗಿರಲಿಲ್ಲ. ದಂತವೈದ್ಯರು ಹೇಳಿದ್ದು ಸರಿಯೇ. ಎರಡು ವಾರ ದಾಟಿದ ಬಾಯಿಹುಣ್ಣು ಕ್ಯಾನ್ಸರ್ ಅಲ್ಲ ಎಂದು ಖಚಿತ ಮಾಡಿಕೊಳ್ಳಲೇಬೇಕು. ಆದರೆ ಅವರು ಕೇಳದೆ ಬಿಟ್ಟ ಪ್ರಶ್ನೆಯೊಂದಿತ್ತು.

ಅದನ್ನು ಕೇಳುವ ರೀತಿಯೂ ಮುಖ್ಯ. "ಯಾರ ಜೊತೆಗಾದರೂ ಸಂಬಂಧ ಇದೆಯಾ?" ಎಂದಾಗ "ಏನೂ ಮಾಡಿಲ್ರಿ, ದೇವ್ರಾಣಿ" ಎಂದ. ಅದು ಸುಳ್ಳಲ್ಲ, ಅವನ ಲೆಕ್ಕದಲ್ಲಿ ಬಾಯಿಂದ ಮಾಡಿದ್ದು 'ಮಾಡಿದ್ದು' ಅಲ್ಲ. ಬಸಿರಾಗುವ ಭಯವಿಲ್ಲ, ಹಾಗಾಗಿ ಅದು ಸೆಕ್ಸ್ ಅಲ್ಲ ಎಂದು ಈ ವಯಸ್ಸಿನ ಬಹಳ ಜನ ತಿಳಿದಿರುತ್ತಾರೆ. ಪ್ರಶ್ನೆಯನ್ನು ಬಿಡಿಸಿ ಇಟ್ಟೆವು: "ಕಳೆದ ಮೂರು ತಿಂಗಳಲ್ಲಿ ನಿಮ್ಮ ಬಾಯಿ ಯಾರದಾದರೂ ಗುಪ್ತಾಂಗಕ್ಕೆ, ಇಲ್ಲವೇ ಯಾರದಾದರೂ ಬಾಯಿ ನಿಮ್ಮ ಗುಪ್ತಾಂಗಕ್ಕೆ ತಾಗಿದೆಯಾ? ಇದನ್ನು ಎಲ್ಲರಿಗೂ ಕೇಳುತ್ತೇವೆ." 'ಯಾವ ಹುಡುಗಿ' ಎನ್ನದೆ 'ಯಾರ' ಎಂದದ್ದು ಬೇಕೆಂದೇ. ಸ್ವಲ್ಪ ಹೊತ್ತು ಚಪ್ಪಲಿ ನೋಡುತ್ತಾ ಕೂತವನು "ಹೌದ್ರಿ, ಎರಡು ಸಲ" ಎಂದ. ಸಂಗಾತಿ ಗಂಡೋ ಹೆಣ್ಣೋ ಇಲ್ಲಿ ಬರೆಯುವುದಿಲ್ಲ, ಯಾರೇ ಆದರೂ ಸಲಹೆ ಅದೇ. ಮರುಕ್ಷಣ ಅವನು ಕೇಳಿದ್ದು ರೋಗದ ಬಗ್ಗೆ ಅಲ್ಲ, "ಇದಕ್ಕ ಕೇಸ್ ಆಗ್ತೈತೇನ್ರಿ?" ಎಂದು. ಇಲ್ಲ. ವಯಸ್ಕರಿಬ್ಬರು ಒಪ್ಪಿ ಖಾಸಗಿಯಾಗಿ ಮಾಡಿದ್ದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. 18 ತುಂಬದವರ ವಿಷಯ ಬೇರೆ. ಅಲ್ಲಿ ಪೋಕ್ಸೋ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ, ಅದನ್ನು ಮಾತು ಶುರು ಮಾಡುವ ಮುನ್ನವೇ ತಿಳಿಸಬೇಕು.

ಇನ್ನು ಹುಣ್ಣು. ವೈದ್ಯರು ಕೈಗವಸು ಹಾಕಿ ತುಟಿ ಮಡಚಿ ಟಾರ್ಚ್ ಬಿಟ್ಟರು. ಒಂದೇ ಹುಣ್ಣು, ಉದ್ದಿನ ಬೇಳೆಗಿಂತ ತುಸು ದೊಡ್ಡದು, ತಳ ನಯ. ಅಂಚು ಒತ್ತಿದರೆ ಶರ್ಟಿನ ಗುಂಡಿ ಒತ್ತಿದ ಹಾಗೆ ಗಟ್ಟಿ. ದವಡೆಯ ಕೆಳಗೆ ನೋಯದ ಗಂಟು. ಸಾಮಾನ್ಯ ಬಾಯಿಹುಣ್ಣಿನ ನಡುವೆ ಹಳದಿ-ಬಿಳಿ, ಸುತ್ತ ಕೆಂಪು ಬಳೆ. ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ, 7ರಿಂದ 14 ದಿನಕ್ಕೆ ಹೋಗುತ್ತದೆ. ಹರ್ಪಿಸ್ ಆದರೆ ಮೊದಲು ಜುಮುಜುಮು, ಆಮೇಲೆ ತುಟಿಯಂಚಿನಲ್ಲಿ ನೀರುಗುಳ್ಳೆಗಳ ಗೊಂಚಲು, ನಂತರ ಹೆಕ್ಕಳೆ. ಸಿಫಿಲಿಸ್‌ನ ಮೊದಲ ಹುಣ್ಣು ಸೋಂಕು ತಾಗಿದ 10ರಿಂದ 90 ದಿನದೊಳಗೆ, ಹೆಚ್ಚಾಗಿ 3 ವಾರಕ್ಕೆ ಏಳುತ್ತದೆ, ಸಾಮಾನ್ಯವಾಗಿ ನೋಯುವುದಿಲ್ಲ. ಇವನಿಗೆ ಆಗಾಗ ಉರಿಯುತ್ತಿದ್ದದ್ದು ಮಾವಾದ ಸುಣ್ಣದಿಂದ.

ಮೋಸ ಇರುವುದು ಮುಂದೆ. ಔಷಧ ಕೊಡಲಿ ಬಿಡಲಿ ಈ ಹುಣ್ಣು 3ರಿಂದ 6 ವಾರಕ್ಕೆ ತಾನೇ ಮಾಯುತ್ತದೆ. ಆಗ ಬಿ-ಕಾಂಪ್ಲೆಕ್ಸಿಗೆ ಹೆಸರು ಬರುತ್ತದೆ, ರೋಗಾಣು ರಕ್ತದಲ್ಲೇ ಉಳಿಯುತ್ತದೆ. ಕೆಲವು ವಾರಗಳ ನಂತರ ಅಂಗೈ ಅಂಗಾಲಿನಲ್ಲಿ ತುರಿಸದ ಕಲೆಗಳು, ವರ್ಷಗಳ ನಂತರ ಹೃದಯ, ನರ, ಮಿದುಳು. ಅಂಗಡಿಯ 3 ಅಜಿಥ್ರೋಮೈಸಿನ್ ಗುಳಿಗೆ ಇದನ್ನು ವಾಸಿ ಮಾಡುತ್ತದೆಂದು ನಂಬಿ ಕೂರುವಂತಿಲ್ಲ. ಚಿತ್ರವನ್ನು ಮಸುಕು ಮಾಡುವುದು ಮಾತ್ರ ಚೆನ್ನಾಗಿ ಮಾಡುತ್ತದೆ.

ರಕ್ತಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ಗೆ ಕಳಿಸಿದೆವು. ಎಚ್‌ಐವಿ ಪರೀಕ್ಷೆ ಐಸಿಟಿಸಿಯಲ್ಲಿ (ಸರ್ಕಾರದ ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರ) ಉಚಿತ. ಪುಣೆಯ ಸಸೂನ್ ಆಸ್ಪತ್ರೆಯಲ್ಲೂ ಇದೆ, ಎಲ್ಲಿದೆ ಎಂದು ತಿಳಿಯದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿದರೆ ಸಾಕು. ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಕಂಪನಿಗೆ ಹೋಗುವಂತಿಲ್ಲ. ಇದು 2017ರ ಕಾಯ್ದೆ. ಬಾಯಿಯಿಂದ ಎಚ್‌ಐವಿ ತಗಲುವ ಸಾಧ್ಯತೆ ಬಹಳ ಕಡಿಮೆ, ಆದರೆ ಹುಣ್ಣು, ರಕ್ತ ಒಸರುವ ವಸಡು ಇದ್ದರೆ ಏರುತ್ತದೆ. ಆದ್ದರಿಂದ ಈಗೊಮ್ಮೆ, 3 ತಿಂಗಳಿಗೆ ಇನ್ನೊಮ್ಮೆ.

ಸಿಫಿಲಿಸ್ ಪತ್ತೆಗೆ ಮಾಡುವ ಎರಡು ರಕ್ತಪರೀಕ್ಷೆಗಳ ಫಲಿತಾಂಶ ಬಂತು: ಆರ್‌ಪಿಆರ್ 1:16, ಟಿಪಿಎಚ್‌ಎ ಪಾಸಿಟಿವ್. ಹುಣ್ಣೆದ್ದ ಮೊದಲ ವಾರ ಎರಡು ವಾರ ಆರ್‌ಪಿಆರ್ ನೆಗೆಟಿವ್ ಬರಬಹುದು, ಆಗ ಮತ್ತೆ ಮಾಡಿಸಬೇಕು. ಚಿಕಿತ್ಸೆ ಬೆಂಜಥಿನ್ ಪೆನಿಸಿಲಿನ್ 24 ಲಕ್ಷ ಯೂನಿಟ್ ಒಂದೇ ಸಲ, ಕುಂಡಿಯ ಎರಡೂ ಕಡೆ 12-12 ಲಕ್ಷ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ, ಬಸುರಿಯಲ್ಲದಿದ್ದರೆ, ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು, 14 ದಿನ. ಇಂಜೆಕ್ಷನ್ ಆದಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು. ಅದೇ ರಾತ್ರಿ ಚಳಿಜ್ವರ, ಮೈಕೈ ನೋವು ಬರಬಹುದು ಎಂದು ಮೊದಲೇ ಹೇಳಿ ಕಳಿಸಿದ್ದೆವು. ರೋಗಾಣು ಸಾಯುವಾಗ ಆಗುವುದು ಅದು, ಅಲರ್ಜಿಯಲ್ಲ, ಪ್ಯಾರಾಸಿಟಮಾಲ್ ಸಾಕು. ಹೇಳದಿದ್ದರೆ ಹುಡುಗರು "ಇಂಜೆಕ್ಷನ್ ಮೈಗೆ ಹತ್ತಿಲ್ಲ" ಎಂದು ಮತ್ತೆ ಇತ್ತ ಕಾಲಿಡುವುದಿಲ್ಲ. ಟಿಪಿಎಚ್‌ಎ ಹೆಚ್ಚಿನವರಲ್ಲಿ ಜೀವನಪೂರ್ತಿ ಪಾಸಿಟಿವ್ ಇರುತ್ತದೆ. ಅದನ್ನು ನೋಡಿ ಗಾಬರಿಯಾಗಬಾರದು, ಇಳಿಯಬೇಕಾದದ್ದು ಆರ್‌ಪಿಆರ್ ಅಂಕಿ.

ಹುಣ್ಣು ಪೂರ್ತಿ ಮಾಯುವವರೆಗೆ, ಕನಿಷ್ಠ 7 ದಿನ, ಮುತ್ತೂ ಬೇಡ. ಖೋಲಿಯ ಗೆಳೆಯರ ತಾಟು, ಲೋಟ, ಸಂಡಾಸಿನಿಂದ ಇದು ಹರಡುವುದಿಲ್ಲ. ಈ ಮಾತು ಕೇಳಿದ ಮೇಲೆಯೇ ಅವನು ಕುರ್ಚಿಗೆ ಬೆನ್ನು ಕೊಟ್ಟು ಕೂತದ್ದು.

ಕಷ್ಟದ ಕೆಲಸ ಸಂಗಾತಿಗೆ ಹೇಳುವುದು. ಹಿಂದಿನ 90 ದಿನದ ಸಂಗಾತಿಗೆ ಪರೀಕ್ಷೆ ನೆಗೆಟಿವ್ ಬಂದರೂ ಚಿಕಿತ್ಸೆ ಕೊಡುವುದು ರೂಢಿ. ರಿಪೋರ್ಟಿನ ಫೋಟೋ ವಾಟ್ಸಾಪಿನಲ್ಲಿ ಹಾಕಬೇಡಿ, ಯಾರಿಂದ ಯಾರಿಗೆ ಬಂತು ಎಂಬ ಪಂಚಾಯಿತಿಗೆ ಕೂರಬೇಡಿ ಎಂದೆವು. ಅವನ ಮಾತಿನಲ್ಲೇ ವಾಕ್ಯ ಕಟ್ಟಿ ಎರಡು ಸಲ ಆಡಿಸಿದೆವು: "ನನ್ನ ರಕ್ತದಾಗ ಒಂದು ಸೋಂಕು ಸಿಕ್ಕೈತಿ. ಒಂದು ಇಂಜೆಕ್ಷನ್ನಿಗೆ ಹೋಗತೈತಿ. ನಿನಗೂ ಇರಬಹುದು, ತೋರಿಸ್ಕೊ."

ಮುಂದಿನ ಎಚ್ಚರ. ಬಾಯಿಗೆ ಫ್ಲೇವರ್ ಕಾಂಡೋಮ್. ಯೋನಿ, ಗುದದ ಮೇಲಾದರೆ ಕಾಂಡೋಮನ್ನು ಬಿಚ್ಚಿ, ತುದಿ ಕತ್ತರಿಸಿ, ಬುಡದ ರಬ್ಬರ್ ಬಳೆ ತೆಗೆದು, ಉದ್ದಕ್ಕೆ ಸೀಳಿದರೆ ನಡುವೆ ಹಾಸಲು ಚೌಕದ ಹಾಳೆಯಾಗುತ್ತದೆ. ಕೊಬ್ಬರಿ ಎಣ್ಣೆ ತಾಗಿದರೆ ರಬ್ಬರ್ ಹರಿಯುತ್ತದೆ. 'ಕ್ಲೀನ್ ಇರಲಿ' ಎಂದು ಇವನು ಆ ಸಂಪರ್ಕಕ್ಕೆ ಮುಂಚೆ ಗಟ್ಟಿ ಬ್ರಷ್‌ನಿಂದ ಗಸಗಸ ತಿಕ್ಕಿಕೊಳ್ಳುತ್ತಿದ್ದ. ವಸಡಿನಲ್ಲಿ ಗೀರು ಬಿದ್ದು ಸೋಂಕಿಗೆ ದಾರಿಯಾಗುವುದೇ ಹಾಗೆ. ಒಂದೆರಡು ಗಂಟೆ ಮೊದಲು ಬ್ರಷ್, ಹಲ್ಲುಸಂದಿಯ ದಾರ ಎರಡೂ ಬೇಡ, ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಕು. ಮೌತ್‌ವಾಶ್ ಕಾಂಡೋಮಿನ ಬದಲಿಯಲ್ಲ. ಗಂಟಲಿನ ಗೊನೊರಿಯಾ (ಇನ್ನೊಂದು ಲೈಂಗಿಕ ಸೋಂಕು) ಹೆಚ್ಚಾಗಿ ಲಕ್ಷಣವನ್ನೇ ತೋರಿಸುವುದಿಲ್ಲ, ಮೂತ್ರ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಅದಕ್ಕೇ ಬಾಯಿಯ ಸಂಪರ್ಕದ ಮಾತನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು.

ಹೋಗುವ ಮುಂಚೆ ಬಾಗಿಲ ಬಳಿ ಇನ್ನೊಂದು ಕೇಳಿದ: "ಇತ್ತೀಚಿಗೆ ಸರಿ ಏಳಾಂಗಿಲ್ರಿ." ನೈಟ್ ಶಿಫ್ಟು, ಭಯ ಎರಡೂ ಇದ್ದವು, ಜೊತೆಗೆ ಮಾವಾ. ನಿಕೋಟಿನ್ ರಕ್ತನಾಳ ಬಿಗಿಸುತ್ತದೆ, ಶಿಶ್ನದ ನಾಳಗಳು ಸಣ್ಣವಾದ್ದರಿಂದ ಅಲ್ಲಿ ಬೇಗ ಗೊತ್ತಾಗುತ್ತದೆ. ವಸಡಿನ ರೋಗಕ್ಕೂ ನಿಮಿರುವಿಕೆಯ ತೊಂದರೆಗೂ ನಂಟು ಕಂಡಿದೆಯಾದರೂ ಹಲ್ಲು ಕ್ಲೀನಿಂಗ್ ಮಾಡಿಸಿದರೆ ಇದು ಸರಿಹೋಗುತ್ತದೆ ಎಂದು ಮಾತು ಕೊಡಲಾಗದು. ತಂಬಾಕು ಬಿಡಲು 1800-11-2356 ಬರೆದುಕೊಟ್ಟೆವು. ಶಿಫ್ಟ್ ಶುರುವಿನ ಪುಡಿಯನ್ನೇ ಮೊದಲು ಬಿಡುತ್ತೇನೆಂದು ಅವನೇ ಆರಿಸಿಕೊಂಡ.

ಎಚ್‌ಪಿವಿ ಲಸಿಕೆಯ ಮಾತೂ ಬಂತು. ಇದು ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್, ಗಂಟಲ ಕ್ಯಾನ್ಸರಿಗೆ ಕಾರಣವಾಗುವ ಅದರ 16ನೇ ನಮೂನೆ ಬಾಯಿಯ ಸಂಪರ್ಕದಿಂದಲೂ ದಾಟುತ್ತದೆ. ಪುಣೆಯಲ್ಲೇ ತಯಾರಾಗುವ ಸರ್ವಾವ್ಯಾಕ್ ಲಸಿಕೆ 26 ವರ್ಷದವರೆಗಿನ ಗಂಡುಮಕ್ಕಳಿಗೂ ಇದೆ. 15 ದಾಟಿದವರಿಗೆ 0, 2, 6 ತಿಂಗಳಿಗೆ 3 ಡೋಸ್. ಸೋಂಕು ತಾಗುವ ಮೊದಲೇ ಹಾಕಿಸಿದರೆ ಹೆಚ್ಚು ಉಪಯೋಗ ಎಂಬುದನ್ನೂ ಮುಚ್ಚಿಡಲಿಲ್ಲ. ದುಡ್ಡು ಕೂಡಿಸಿ ನೋಡುತ್ತೇನೆ ಎಂದ.

ಹುಣ್ಣು ಹತ್ತು ದಿನದಲ್ಲಿ ಮಾಯಿತು. ಮೂರನೇ ತಿಂಗಳ ಎಚ್‌ಐವಿ ಪರೀಕ್ಷೆ ನೆಗೆಟಿವ್, ಆರನೇ ತಿಂಗಳ ಆರ್‌ಪಿಆರ್ 1:2. ನಾಲ್ಕು ಪಟ್ಟು, ಅಂದರೆ 1:4ಕ್ಕೆ ಇಳಿದಿದ್ದರೂ ಸಾಕಿತ್ತು. ಸಂಗಾತಿ ಒಂದು ಸಲ ಬಂದು ಇಂಜೆಕ್ಷನ್ ತೆಗೆದುಕೊಂಡು ಹೋದವರು ಮರುಪರೀಕ್ಷೆಗೆ ಬಂದಿಲ್ಲ. ಮಾವಾ 6ರಿಂದ 2ಕ್ಕೆ ನಿಂತಿದೆ. ಅದನ್ನು ಇಡುತ್ತಿದ್ದ ಜಾಗದಲ್ಲಿ ಒಂದು ಬಿಳಿ ಕಲೆ ಉಳಿದಿದೆ. ಅದೇ ದಂತವೈದ್ಯರು ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದಾರೆ.