ಓದುಗರ ಪ್ರಶ್ನೆ, ವೈದ್ಯರ ಉತ್ತರ: ಸಾಂಕ್ರಾಮಿಕ ರೋಗಕ್ಕೆ ಬಡವ ಬಲ್ಲಿದ ಭೇದವಿಲ್ಲವೇ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಕೊರೊನಾ ಕಾಲದ ನೆನಪುಗಳನ್ನು ಕುರಿತವು. ಸಾಂಕ್ರಾಮಿಕ ರೋಗ ಬಂದಾಗ ಬಡವರು ಮತ್ತು ಉಳ್ಳವರು ಒಂದೇ ರೀತಿಯಲ್ಲಿ ನರಳುತ್ತಾರೆಯೇ ಎಂಬುದೇ ಅವುಗಳ ಒಟ್ಟು ಪ್ರಶ್ನೆ. ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು, ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: "ವೈರಾಣುವಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ" ಎಂಬ ಮಾತನ್ನು ಆಗ ದಿನವೂ ಕೇಳುತ್ತಿದ್ದೆವು. ಪಾಠದ ನಡುವೆ ನಾನೂ ಅದನ್ನೇ ಹೇಳಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಹಾಗಾದರೆ ನಮ್ಮ ಓಣಿಯಲ್ಲೇ ಯಾಕೆ ಅಷ್ಟು ಜನ ಹೋದರು ಟೀಚರ್?" ಎಂದು ಕೇಳಿದಳು. ಅವಳಿಗೆ ಏನೆಂದು ಹೇಳಲಿ?
– ಶಿಕ್ಷಕಿ, ದಾವಣಗೆರೆ

ಉತ್ತರ: ಅವಳು ಕೇಳಿದ್ದು ಸರಿಯಾದ ಪ್ರಶ್ನೆಯೆಂದು ಮೊದಲು ಹೇಳಿ. ವೈರಾಣು ಯಾರ ಜೇಬನ್ನೂ ನೋಡುವುದಿಲ್ಲ, ನಿಜ. ಆದರೆ ಅದು ನಮ್ಮೊಳಗೆ ಬರುವುದು ಉಸಿರಾಡುವ ಗಾಳಿಯಿಂದ, ಮತ್ತು ಆ ಗಾಳಿಯನ್ನು ನಾವು ದಿನಕ್ಕೆ ಎಷ್ಟು ಹೊತ್ತು, ಎಷ್ಟು ಜನರ ಜೊತೆ ಹಂಚಿಕೊಳ್ಳುತ್ತೇವೆ ಎಂಬುದನ್ನು ನಮ್ಮ ಮನೆ ಮತ್ತು ನಮ್ಮ ಕೆಲಸ ತೀರ್ಮಾನಿಸುತ್ತವೆ.

2020ರ ಜುಲೈಯಲ್ಲಿ ಬೆಂಗಳೂರಿನ ಒಂದು ವಠಾರಕ್ಕೆ ಹೋಗಿದ್ದೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರಿಗೆ ಸೋಂಕು ತಗುಲಿತ್ತು, ಲಕ್ಷಣಗಳು ಸೌಮ್ಯವಾಗಿದ್ದವು. ಪ್ರತ್ಯೇಕ ಕೋಣೆಯಲ್ಲಿರಬೇಕು, ಪ್ರತ್ಯೇಕ ಶೌಚಾಲಯ ಬಳಸಬೇಕು ಎಂದು ನಿಯಮ ಹೇಳುತ್ತಿತ್ತು. ಅವರ ಮನೆಯೆಂದರೆ ಹತ್ತಡಿಗೆ ಹನ್ನೆರಡಡಿಯ ಒಂದೇ ಕೋಣೆ, ಅದರೊಳಗೆ ಗಂಡ, ಇಬ್ಬರು ಮಕ್ಕಳು ಮತ್ತು ಸಕ್ಕರೆ ಕಾಯಿಲೆಯಿದ್ದ ಅತ್ತೆ. ಗೋಡೆಯಿಂದ ಗೋಡೆಗೆ ಹಗ್ಗ ಬಿಗಿದು ಹಳೆಯ ಸೀರೆಯೊಂದನ್ನು ಇಳಿಬಿಟ್ಟಿದ್ದರು. ಸೀರೆಯ ಆಚೆ ಅವರ ಚಾಪೆ, ಈಚೆ ಗ್ಯಾಸ್ ಒಲೆ. ಎಂಟು ಮನೆಗಳಿಗೆ ಎರಡು ಶೌಚಾಲಯಗಳಿದ್ದು, ಅಲ್ಲಿಗೆ ಹೋಗಬೇಕಾದರೆ ಆರು ಮನೆಗಳ ಬಾಗಿಲನ್ನು ದಾಟಬೇಕಿತ್ತು. ಕಿಟಕಿ ತೆರೆದಿಡಿ ಎಂದು ಸಲಹೆ ಕೊಟ್ಟೆ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಕೋವಿಡ್ ಆರೈಕೆ ಕೇಂದ್ರಕ್ಕೆ ಹೋಗಿ ಎಂದರೆ, ಆಂಬುಲೆನ್ಸ್ ಬಂದು ನಿಂತ ದಿನವೇ ಮಾಲೀಕರು ಮನೆ ಖಾಲಿ ಮಾಡಿಸುತ್ತಾರೆ ಎಂಬ ಹೆದರಿಕೆ. ವಾರ ತುಂಬುವಷ್ಟರಲ್ಲಿ ಅತ್ತೆಗೂ ಜ್ವರ ಬಂದಿತು.

ಇದು ಒಂದು ಮನೆಯ ಸ್ಥಿತಿಯಲ್ಲ. 2011ರ ಜನಗಣತಿಯ ಪ್ರಕಾರ ದೇಶದ ಸುಮಾರು ಶೇ 37ರಷ್ಟು ಕುಟುಂಬಗಳು ಒಂದೇ ಕೋಣೆಯಲ್ಲಿ ವಾಸಿಸುತ್ತಿದ್ದವು. ಕುಡಿಯುವ ನೀರು ಮನೆಯ ಆವರಣದೊಳಗೇ ಸಿಗುತ್ತಿದ್ದುದು ಶೇ 46.6ರಷ್ಟು ಕುಟುಂಬಗಳಿಗೆ ಮಾತ್ರ. ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ಸಾಲು ನಿಲ್ಲುವವರಿಗೆ ಅಂತರ ಕಾಯ್ದುಕೊಳ್ಳಿ, ಇಪ್ಪತ್ತು ಸೆಕೆಂಡು ಕೈ ತೊಳೆಯಿರಿ ಎಂಬ ಸೂಚನೆ ತಲುಪುವ ಬಗೆಯೇ ಬೇರೆ. ಕೆಲಸದ ಮಾತೂ ಹೀಗೆಯೇ. ಲ್ಯಾಪ್‌ಟಾಪ್ ಮುಂದೆ ಕುಳಿತು ಮನೆಯಿಂದಲೇ ದುಡಿಯಲು ಕೆಲವರಿಗೆ ಸಾಧ್ಯವಾಯಿತು. ಕಸ ಎತ್ತುವ ಪೌರಕಾರ್ಮಿಕರು, ತರಕಾರಿ ಗಾಡಿಯವರು, ಮನೆ ಮನೆಗೆ ಸಾಮಾನು ತಲುಪಿಸುವ ಹುಡುಗರು, ಸಮೀಕ್ಷೆಗೆ ಹೊರಟ ಆಶಾ ಕಾರ್ಯಕರ್ತೆಯರು ಹೊರಗೆ ಹೋಗಲೇಬೇಕಾಯಿತು.

ಸೋಂಕು ತಗುಲಿದ ಮೇಲೆ ದೇಹದ ಸ್ಥಿತಿ ಮುಖ್ಯವಾಗುತ್ತದೆ. ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಪತ್ತೆಯೇ ಆಗದ ರಕ್ತದೊತ್ತಡ, ಸೌದೆಯ ಹೊಗೆಯಿಂದ ಸೊರಗಿದ ಶ್ವಾಸಕೋಶ, ಇವೆಲ್ಲ ವರ್ಷಗಟ್ಟಲೆ ಜಮೆಯಾಗುವ ಬಡತನದ ಬಾಕಿ. ಆಮೇಲೆ ಆಸ್ಪತ್ರೆಯ ಪ್ರಶ್ನೆ. ಸಾಂಕ್ರಾಮಿಕ ಬರುವ ಹೊತ್ತಿಗೆ ನಮ್ಮ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಸುಮಾರು ಶೇ 47ರಷ್ಟನ್ನು ಜನರು ನೇರವಾಗಿ ತಮ್ಮ ಕೈಯಿಂದಲೇ ಕೊಡುತ್ತಿದ್ದರು. ಸಾಲ ಹುಟ್ಟುವವರೆಗೆ ಕಾಯುವ ಕುಟುಂಬ ರೋಗಿಯನ್ನು ತಡವಾಗಿ ಕರೆತರುತ್ತದೆ, ಮತ್ತು ಈ ರೋಗದಲ್ಲಿ ಎರಡು ದಿನ ತಡವಾದರೂ ಅದು ದೊಡ್ಡ ತಡ.

ಎಲ್ಲರಿಗೂ ಉಚಿತ ಚಿಕಿತ್ಸೆಯಿರುವ ಇಂಗ್ಲೆಂಡಿನಲ್ಲಿಯೂ ಈ ಅಂತರ ಕಂಡಿತು. ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯ ಲೆಕ್ಕದಂತೆ 2020ರ ಮಾರ್ಚ್ 1ರಿಂದ ಏಪ್ರಿಲ್ 17ರವರೆಗೆ ಅತಿ ಹಿಂದುಳಿದ ಪ್ರದೇಶಗಳಲ್ಲಿ ಲಕ್ಷಕ್ಕೆ 55.1 ಮಂದಿ ಕೋವಿಡ್‌ನಿಂದ ತೀರಿಕೊಂಡರೆ, ಅತಿ ಅನುಕೂಲಸ್ಥ ಪ್ರದೇಶಗಳಲ್ಲಿ 25.3 ಮಂದಿ. ಚಿಕಿತ್ಸೆ ಉಚಿತವಾದರೂ ಮನೆ ಮತ್ತು ಕೆಲಸ ಸಮಾನವಾಗಿರಲಿಲ್ಲ. ನಿಮ್ಮ ವಿದ್ಯಾರ್ಥಿನಿಗೆ ಈ ಅಂಕಿಗಳನ್ನು ತೋರಿಸಿ. ತನ್ನ ಓಣಿಯವರು ಏನೋ ತಪ್ಪು ಮಾಡಿದ್ದರಿಂದ ಹೀಗಾಯಿತು ಎಂಬ ಭಾರ ಅವಳ ಮನಸ್ಸಿನಲ್ಲಿದ್ದರೆ ಅದು ಇಳಿಯಬೇಕು.

ಪ್ರಶ್ನೆ: ಮುಂಬೈ ಕೊಳೆಗೇರಿಗಳಲ್ಲಿ ಸೋಂಕು ಹೆಚ್ಚಿದ್ದರೂ ಸಾವು ಕಡಿಮೆಯಿತ್ತು ಎಂದು ಓದಿದ್ದೇನೆ. ಕಷ್ಟದಲ್ಲಿ ಬೆಳೆದವರಿಗೆ ರೋಗನಿರೋಧಕ ಶಕ್ತಿ ಹೆಚ್ಚು ಎಂದು ಇಲ್ಲಿ ನಮ್ಮ ಕನ್ನಡ ಸಂಘದಲ್ಲಿಯೂ ಹಲವರು ವಾದಿಸುತ್ತಾರೆ. ಇದು ನಿಜವೇ?
– ಬ್ಯಾಂಕ್ ಉದ್ಯೋಗಿ, ಡೊಂಬಿವಲಿ

ಉತ್ತರ: ನೀವು ಓದಿದ ಅಂಕಿ ಸರಿ, ಅದರಿಂದ ಎಳೆಯುವ ತೀರ್ಮಾನ ಸರಿಯಲ್ಲ. 2020ರ ಜುಲೈಯಲ್ಲಿ ನಗರದ ಮೂರು ವಾರ್ಡುಗಳಲ್ಲಿ ರಕ್ತ ಪರೀಕ್ಷೆಯ ಸಮೀಕ್ಷೆ ನಡೆಯಿತು. ಕೊಳೆಗೇರಿಗಳಲ್ಲಿ ಪರೀಕ್ಷೆಗೆ ಒಳಗಾದವರ ಪೈಕಿ ಸುಮಾರು ಶೇ 57ರಷ್ಟು ಜನರಲ್ಲಿ ಪ್ರತಿಕಾಯಗಳು (ಸೋಂಕು ಬಂದು ಹೋದುದರ ಗುರುತಾಗಿ ರಕ್ತದಲ್ಲಿ ಉಳಿಯುವ ಅಂಶಗಳು) ಸಿಕ್ಕಿದರೆ, ಅದೇ ವಾರ್ಡುಗಳ ಇತರ ವಸತಿಗಳಲ್ಲಿ ಸುಮಾರು ಶೇ 16ರಷ್ಟು ಜನರಲ್ಲಿ ಸಿಕ್ಕಿದವು. ಒಂದೇ ನಗರ, ಅವೇ ವಾರ್ಡುಗಳು, ಆದರೆ ಸೋಂಕಿನಲ್ಲಿ ಮೂರೂವರೆ ಪಟ್ಟು ಅಂತರ. ಜನದಟ್ಟಣೆಯ ಜೊತೆಗೆ ಹಂಚಿಕೊಂಡು ಬಳಸುವ ಶೌಚಾಲಯ ಮತ್ತು ನೀರಿನ ತಾಣಗಳೂ ಇದಕ್ಕೆ ಕಾರಣವಿರಬಹುದೆಂದು ಸಮೀಕ್ಷೆ ನಡೆಸಿದವರೇ ಹೇಳಿದರು.

ಇನ್ನು ಸಾವಿನ ಮಾತು. ಕೋವಿಡ್ ವಯಸ್ಸಾದವರನ್ನು ಹೆಚ್ಚಾಗಿ ಕೊಂದ ರೋಗ, ಕೊಳೆಗೇರಿಗಳಲ್ಲಿರುವವರಲ್ಲಿ ದುಡಿಯುವ ವಯಸ್ಸಿನವರೇ ಹೆಚ್ಚು. ಎಪ್ಪತ್ತೈದು ದಾಟಿದವರು ಅಲ್ಲಿ ಕಡಿಮೆ ಇರುವುದಕ್ಕೆ ಕೆಲವರು ಊರಿಗೆ ಮರಳಿರುವುದು ಒಂದು ಕಾರಣ, ಬಡವರು ಆ ವಯಸ್ಸನ್ನು ಮುಟ್ಟುವುದೇ ಕಡಿಮೆ ಎಂಬುದು ಇನ್ನೊಂದು. ಇದನ್ನು ಶಕ್ತಿಯೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಅದರ ಮೇಲೆ, ಯಾವ ಸಾವು ಲೆಕ್ಕಕ್ಕೆ ಬಂದಿತು ಎಂಬ ಪ್ರಶ್ನೆಯೂ ಇದೆ. 2020ರಲ್ಲಿ ನಮ್ಮ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ಶೇ 22.5ರಷ್ಟನ್ನು ಮಾತ್ರ. ಮನೆಯಲ್ಲಿಯೇ ಕೊನೆಯುಸಿರೆಳೆದ ಕೂಲಿಯವನ ಸಾವಿಗೆ ಆ ಕಾಗದ ಸಿಗುವ ಸಾಧ್ಯತೆ ಎಷ್ಟೆಂದು ಯೋಚಿಸಿ.

ಮುಂಬೈಯ ಹಳೆಯ ಲೆಕ್ಕವೊಂದನ್ನು ನಿಮ್ಮ ಸಂಘದ ಗೆಳೆಯರ ಮುಂದಿಡಿ. 1918ರ ಇನ್‌ಫ್ಲುಯೆಂಜಾ ಯುವಕರನ್ನೂ ಕೊಂದ ರೋಗ. ಆ ವರ್ಷ ಮಳೆ ಕೈಕೊಟ್ಟು ಧಾನ್ಯದ ಬೆಲೆಯೂ ಏರಿತ್ತು. ಆಗ ಈ ನಗರದಲ್ಲಿ ಯುರೋಪಿಯನ್ನರ ಪೈಕಿ ಸಾವಿರಕ್ಕೆ 8.3 ಮಂದಿ, ಪಾರ್ಸಿಗಳ ಪೈಕಿ 9 ಮಂದಿ ತೀರಿಕೊಂಡರೆ, ದಾಖಲೆಗಳು "ಕೆಳಜಾತಿಯ ಹಿಂದೂಗಳು" ಎಂದು ಕರೆದವರ ಪೈಕಿ ಸತ್ತವರು ಸಾವಿರಕ್ಕೆ 61.6 ಮಂದಿ. ಕಷ್ಟದಲ್ಲಿ ಬೆಳೆದರೆ ದೇಹ ಗಟ್ಟಿಯಾಗುತ್ತದೆ ಎಂಬುದು ನಿಜವಾಗಿದ್ದರೆ ಈ ಅಂಕಿಗಳು ತಲೆಕೆಳಗಾಗಿರಬೇಕಿತ್ತು.

ಪ್ರಶ್ನೆ: ಎಲ್ಲದಕ್ಕೂ ಬಡತನವನ್ನೇ ದೂರುವುದು ಸರಿಯಲ್ಲ. ಲಾಕ್‌ಡೌನ್ ಘೋಷಿಸಿದರೂ ಕಾರ್ಮಿಕರು ಗುಂಪು ಗುಂಪಾಗಿ ರಸ್ತೆಗಿಳಿದರು. ನಿಯಮ ಪಾಲಿಸದೆ ರೋಗ ಹಬ್ಬಿಸಿದವರಿಗೂ ಜವಾಬ್ದಾರಿಯಿಲ್ಲವೇ?
– ನಿವೃತ್ತ ಅಧಿಕಾರಿ, ಬೆಂಗಳೂರು

ಉತ್ತರ: ಜವಾಬ್ದಾರಿ ಎಲ್ಲರಿಗೂ ಇದೆ. ಆದರೆ ನಿಯಮ ಪಾಲಿಸಲು ಬೇಕಾದ ಅನುಕೂಲ ಎಲ್ಲರಿಗೂ ಇರಲಿಲ್ಲ. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಘೋಷಣೆಯಾಯಿತು, ಮಧ್ಯರಾತ್ರಿಯಿಂದಲೇ ದೇಶ ಮುಚ್ಚಿತು. ದಿನಗೂಲಿಯವರಿಗೆ ಮರುದಿನದಿಂದ ಕೂಲಿಯಿಲ್ಲ. ಪಡಿತರ ಚೀಟಿ ಊರಿನಲ್ಲಿ, ಹೊಟ್ಟೆ ಬೆಂಗಳೂರಿನಲ್ಲಿ. ಶೆಡ್ಡಿನ ಬಾಡಿಗೆ ಮಾತ್ರ ತಪ್ಪುವುದಿಲ್ಲ. ಅವರು ರಸ್ತೆಗಿಳಿದದ್ದು ಮನೆ ಸೇರಲು. ಮೇ 1ರಿಂದ ವಿಶೇಷ ರೈಲುಗಳು ಶುರುವಾದವು. ನಮ್ಮ ರಾಜ್ಯ ಸರ್ಕಾರವು ಕಟ್ಟಡ ನಿರ್ಮಾಣ ಉದ್ಯಮದವರ ಜೊತೆ ಸಭೆ ನಡೆಸಿದ ಬಳಿಕ ಮೇ 5ರಂದು ಆ ರೈಲುಗಳನ್ನು ರದ್ದು ಮಾಡಲು ಕೋರಿತು, ತೀವ್ರ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ತೀರ್ಮಾನವನ್ನು ಬದಲಿಸಿತು. ಮನೆಗೆ ಹೋಗಬೇಕೆನ್ನುವ ಮನುಷ್ಯನನ್ನು ಕಾಮಗಾರಿಯ ಅನುಕೂಲಕ್ಕಾಗಿ ತಡೆದಿಡಬಹುದೆಂಬ ಯೋಚನೆಯೇ ನನ್ನನ್ನು ಇಂದಿಗೂ ಕಾಡುತ್ತದೆ. ಜೊತೆಗೆ ಇನ್ನೊಂದನ್ನು ನೆನಪಿಸಿಕೊಳ್ಳಿ: ಸೋಂಕನ್ನು ದೇಶದೊಳಗೆ ಮೊದಲು ತಂದದ್ದು ವಿಮಾನ ಪ್ರಯಾಣ. ಇದಕ್ಕಾಗಿ ವಿಮಾನದಲ್ಲಿ ಬಂದವರನ್ನು ನಾವು ದೂರಬೇಕಿಲ್ಲ, ನಡೆದು ಹೋದವರನ್ನೂ ದೂರಬಾರದು.

ಪ್ರಶ್ನೆ: ಲಸಿಕೆ ಎಲ್ಲರಿಗೂ ಒಂದೇ ಆಗಿದ್ದರೂ ಮೊದಮೊದಲು ನಮ್ಮಂಥ ಹಳ್ಳಿಗಳವರು ಹಿಂದೆ ಬಿದ್ದದ್ದೇಕೆ?
– ರೇಷ್ಮೆ ಬೆಳೆಗಾರ, ಕೋಲಾರ ಜಿಲ್ಲೆ

ಉತ್ತರ: 2021ರ ಮೇ 1ರಂದು 18ರಿಂದ 44 ವರ್ಷದವರಿಗೆ ಲಸಿಕೆ ಆರಂಭವಾದಾಗ ಕೋವಿನ್ ತಾಣದಲ್ಲಿ ಮೊದಲೇ ಸಮಯ ಕಾದಿರಿಸುವುದು ಕಡ್ಡಾಯವಾಗಿತ್ತು. ಸ್ಮಾರ್ಟ್‌ಫೋನ್, ನೆಟ್‌ವರ್ಕ್ ಮತ್ತು ಕ್ಷಣಮಾತ್ರದಲ್ಲಿ ಒಟಿಪಿ ಒತ್ತುವ ಅಭ್ಯಾಸ ಇದ್ದವರಿಗೆ ಲಸಿಕೆ ಸಿಕ್ಕಿತು. ನಗರದವರು ಕಾರು ಹತ್ತಿ ಹಳ್ಳಿಯ ಕೇಂದ್ರಗಳಿಗೆ ಬಂದು ಹಾಕಿಸಿಕೊಂಡು ಹೋದದ್ದೂ ಉಂಟು. ಈ ಡಿಜಿಟಲ್ ಅಂತರವನ್ನು ಸುಪ್ರೀಂ ಕೋರ್ಟ್ ಕೂಡ ಪ್ರಶ್ನಿಸಿತು. ಮೇ 24ರಿಂದ ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲಿಯೇ ನೋಂದಣಿಗೆ ಅವಕಾಶವಾಯಿತು, ಜೂನ್ 21ರಿಂದ ವಯಸ್ಕರಿಗೆಲ್ಲ ಕೇಂದ್ರ ಸರ್ಕಾರವೇ ಉಚಿತವಾಗಿ ಲಸಿಕೆ ಒದಗಿಸಿತು. ಎರಡನೆಯ ಅಲೆ ಉಕ್ಕೇರಿದ್ದು ಅದಕ್ಕೂ ಮೊದಲು, ಅದೇ ಮೇ ತಿಂಗಳಲ್ಲಿ.

ಪ್ರಶ್ನೆ: ಇಂಥ ರೋಗ ಮತ್ತೆ ಬಂದರೆ ನಮ್ಮ ಪಂಚಾಯಿತಿ ಮಟ್ಟದಲ್ಲಿ ಏನು ಮಾಡಲು ಸಾಧ್ಯ? ನಮ್ಮ ಕೈಯಲ್ಲಿ ಆಸ್ಪತ್ರೆಯೂ ಇಲ್ಲ, ಹಣವೂ ಇಲ್ಲ.
– ಗ್ರಾಮ ಪಂಚಾಯಿತಿ ಸದಸ್ಯೆ, ಕೊಪ್ಪಳ ಜಿಲ್ಲೆ

ಉತ್ತರ: ರೋಗ ಬರುವ ಮುಂಚೆ ಮಾಡುವ ಕೆಲಸವೇ ಹೆಚ್ಚು, ಅದರಲ್ಲಿ ಬಹುಪಾಲು ನಿಮ್ಮ ಕೈಯಲ್ಲಿದೆ. ಮೊದಲು ಅನ್ನದಿಂದ ಆರಂಭಿಸಿ. ಮಂಗಳೂರಿನ ವೈದ್ಯ ಸಂಶೋಧಕರಾದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಕ್ಷಯರೋಗಿಗಳ ಕುಟುಂಬಗಳನ್ನು ಕುರಿತು ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಕೆಲವು ಕುಟುಂಬಗಳಲ್ಲಿ ರೋಗಿಗೆ ಮಾತ್ರವಲ್ಲದೆ ಮನೆಯ ಇತರರಿಗೂ ತಲಾ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ವಿಟಮಿನ್ ಮಾತ್ರೆಗಳನ್ನು ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗುಲುವ ಪ್ರಮಾಣ ಸುಮಾರು ಶೇ 39ರಷ್ಟು ತಗ್ಗಿತು. ಬೇಳೆಯೂ ಔಷಧಿಯ ಕೆಲಸ ಮಾಡುತ್ತದೆ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ. ಕ್ಷಯ ಮತ್ತು ಕೋವಿಡ್ ಬೇರೆ ಬೇರೆ ರೋಗಗಳಾದರೂ ಒಂದು ಬಂದಾಗ ಇನ್ನೊಂದು ಮರೆತುಹೋಗುತ್ತದೆ: 2019ರಲ್ಲಿ ದೇಶದಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ನೋಂದಣಿಯಾಗಿದ್ದರೆ 2020ರಲ್ಲಿ ಅದು 18 ಲಕ್ಷಕ್ಕೆ ಇಳಿಯಿತು. ರೋಗ ಕಡಿಮೆಯಾಗಿರಲಿಲ್ಲ, ರೋಗಿಗಳಿಗೆ ಪರೀಕ್ಷೆಗೆ ಬರಲಾಗಿರಲಿಲ್ಲ.

ಎರಡನೆಯದು ಆಶಾ ಕಾರ್ಯಕರ್ತೆಯರು. 2020ರ ಜುಲೈ 10ರಂದು ನಮ್ಮ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸುರಕ್ಷಾ ಸಾಮಗ್ರಿ ಕೇಳಿ ಕೆಲಸ ನಿಲ್ಲಿಸಬೇಕಾಯಿತು. ಊರಿನಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರು ಬಸುರಿ, ಯಾರ ಮನೆಯಲ್ಲಿ ಮುದುಕರು ಒಂಟಿ ಎಂಬುದೆಲ್ಲ ಅವರಿಗೆ ಗೊತ್ತು. ನಿಮ್ಮ ಸಭೆಗಳಲ್ಲಿ ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಬೇಡಿ. ಅವರ ಬಾಕಿ ಹಣದ ವಿಷಯ ತಾಲ್ಲೂಕು ಮಟ್ಟದಲ್ಲಿ ಎತ್ತುವವರು ನೀವಾಗಿರಿ.

ಕೊನೆಯದಾಗಿ, ಒಂದು ನೋಟ್‌ಬುಕ್ ಇಟ್ಟುಕೊಂಡು ನಿಮ್ಮ ವಾರ್ಡಿನಲ್ಲಿ ಒಂದೇ ಕೋಣೆಯಿರುವ ಮನೆಗಳು, ಪಡಿತರ ಚೀಟಿಯಿಲ್ಲದವರು, ದುಡಿಯಲು ಹೊರ ಊರಿಗೆ ಹೋಗಿರುವವರು, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ನಂಬಿರುವವರು, ಇವರೆಲ್ಲರ ವಿವರವನ್ನು ಆಶಾ ಅವರ ಜೊತೆ ಕುಳಿತು ಬರೆಯಿರಿ. ಪ್ರತ್ಯೇಕವಾಗಿರಲು ಮನೆಯಲ್ಲಿ ಜಾಗವಿಲ್ಲದವರಿಗೆ ಶಾಲೆಯ ಯಾವ ಎರಡು ಕೋಣೆಗಳನ್ನು ಬಿಟ್ಟುಕೊಡಬಹುದು, ಅಲ್ಲಿ ಶೌಚಾಲಯಕ್ಕೆ ನೀರು ಬರುತ್ತದೆಯೇ, ಅಲ್ಲಿರುವವರಿಗೆ ಊಟ ಯಾರು ಕೊಂಡೊಯ್ಯುತ್ತಾರೆ ಎಂಬುದನ್ನು ಮುಖ್ಯೋಪಾಧ್ಯಾಯರ ಜೊತೆ ಈಗಲೇ ಮಾತನಾಡಿ ತೀರ್ಮಾನಿಸಿ. ರಜೆಯ ದಿನಗಳಲ್ಲಿ ಆ ಕೋಣೆಗಳ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.