ಹಳೆಯ ಕ್ಯೂಬನ್ ನೃತ್ಯ ಸಂಗೀತವನ್ನು ಆಸ್ವಾದಿಸುವುದು ಹೇಗೆ, ಯಾರನ್ನು ಕೇಳಬೇಕು?

‘ಬುಯೆನಾ ವಿಸ್ತಾ ಸೋಷಿಯಲ್ ಕ್ಲಬ್’ ಆಲ್ಬಮ್ ಹಿತವೆನಿಸಿದರೂ ಮೂರು ನಾಲ್ಕು ಹಾಡುಗಳಾಗುವಷ್ಟರಲ್ಲಿ ಎಲ್ಲವೂ ಒಂದೇ ಬಗೆಯಾಗಿ ಕೇಳಿಸುತ್ತದೆ, ಸ್ಪ್ಯಾನಿಷ್ ಬಾರದವರು ಈ ಸಂಗೀತವನ್ನು ಹೇಗೆ ಕೇಳಬೇಕು, ಇದರಲ್ಲಿ ನಿಜಕ್ಕೂ ದೊಡ್ಡ ಕಲಾವಿದರು ಯಾರು ಎಂದು ನೀವು ಕೇಳಿದ್ದೀರಿ. ಬಹಳ ಕಾಲದಿಂದ ಈ ಸಂಗೀತವನ್ನು ಪ್ರೀತಿಯಿಂದ ಕೇಳುತ್ತಿರುವ ನನ್ನ ಅನುಭವದಲ್ಲಿ, ಇದು ಕುಣಿಯುವವರಿಗಾಗಿ ಹುಟ್ಟಿದ ಸಂಗೀತ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಲು ಕುಳಿತರೆ ಅರ್ಧ ದಾರಿ ಸಾಗಿದಂತೆಯೇ. ಉಳಿದ ಅರ್ಧಕ್ಕೆ ಆ ಆಲ್ಬಮ್ಮಿನಿಂದ ಸುಮಾರು ಐವತ್ತು ವರ್ಷ ಹಿಂದಕ್ಕೆ, 1940ರ ದಶಕದ ಹವಾನಾಕ್ಕೆ, ಅದರಲ್ಲೂ ಆರ್ಸೇನಿಯೊ ರೋದ್ರಿಗೆಸ್ ಎಂಬ ಕುರುಡು ವಾದಕನ ಮೇಳಕ್ಕೆ ಹೋಗಬೇಕಾಗುತ್ತದೆ.

ನೀವು ಕೇಳಿರುವ ಹಾಡುಗಳಲ್ಲಿ ಹಲವು ‘ಸೊನ್’ ಎಂಬ ಪ್ರಕಾರಕ್ಕೆ ಸೇರಿದವು. ಸೊನ್ ಸಾಮಾನ್ಯವಾಗಿ ಎರಡು ಭಾಗಗಳಲ್ಲಿ ನಡೆಯುತ್ತದೆ. ಮೊದಲ ಭಾಗದಲ್ಲಿ ಸಾಹಿತ್ಯ, ರಾಗ, ಕಥೆ ಎಲ್ಲವೂ ಇರುತ್ತವೆ. ಕುಳಿತು ಕೇಳುವವರ ಗಮನ ಸಹಜವಾಗಿ ಅದರ ಮೇಲಿರುತ್ತದೆ. ಎರಡನೆಯ ಭಾಗಕ್ಕೆ ‘ಮೊಂತುನೊ’ ಎನ್ನುತ್ತಾರೆ. ಅಲ್ಲಿ ಹಿಮ್ಮೇಳದವರು ಒಂದೇ ಒಂದು ಚಿಕ್ಕ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ, ಮುಖ್ಯ ಗಾಯಕ ಪ್ರತಿ ಸಲವೂ ಆ ಸಾಲುಗಳ ನಡುವಿನ ಜಾಗದಲ್ಲಿ ಹೊಸದೇನನ್ನಾದರೂ ಆಗಲೇ ಕಟ್ಟಿ ಹಾಡುತ್ತಾನೆ. ನಿಮಗೆ ಏಕತಾನವೆನಿಸಿರುವುದು ಬಹುಶಃ ಇದೇ ಭಾಗ. ಆದರೆ ಕ್ಯೂಬನ್ನರು ಗಾಯಕನ ಯೋಗ್ಯತೆಯನ್ನು ಅಳೆಯುವುದು ಇಲ್ಲಿಯೇ. ಒಳ್ಳೆಯ ಕಂಠವಿದ್ದೂ ಮೊಂತುನೊದಲ್ಲಿ ತಡವರಿಸುವವನನ್ನು ಅವರು ‘ಸೊನೇರೊ’, ಅಂದರೆ ನಿಜವಾದ ಸೊನ್ ಗಾಯಕ, ಎಂದು ಕರೆಯುವುದಿಲ್ಲ. ಹಿಮ್ಮೇಳದ ಸಾಲನ್ನು ಒಮ್ಮೆ ಗುರುತು ಹಿಡಿದ ಮೇಲೆ ಅದನ್ನು ಬಿಟ್ಟುಬಿಡಿ. ಗಾಯಕ ಈ ಸಲ ಎಲ್ಲಿ ಎತ್ತಿಕೊಂಡ, ಎಷ್ಟು ತಡವಾಗಿ ಎತ್ತಿಕೊಂಡ, ಸಾಲು ಮುಗಿಯುವ ಮೊದಲೇ ಹಿಮ್ಮೇಳದ ಮೇಲೆ ಹೇಗೆ ಹರಿದ ಎಂಬುದನ್ನು ಗಮನಿಸುತ್ತಾ ಹೋದರೆ ಬೇಸರವೆಂಬುದು ತಾನಾಗಿ ಕಳೆಯುತ್ತದೆ.

ಇದೆಲ್ಲವನ್ನೂ ಹಿಡಿದು ನಿಲ್ಲಿಸುವುದು ‘ಕ್ಲಾವೆ’. ಗಟ್ಟಿ ಮರದ ಎರಡು ಗಿಡ್ಡ ಕೋಲುಗಳ ಹೆಸರೂ ಅದೇ, ಅವುಗಳಿಂದ ಹೊಡೆಯುವ ಐದು ಪೆಟ್ಟುಗಳ ವಿನ್ಯಾಸದ ಹೆಸರೂ ಅದೇ. ವಾದಕ ಒಂದು ಕೋಲನ್ನು ಬಿಗಿಯಾಗಿ ಹಿಡಿಯದೆ, ಬಾಗಿಸಿದ ಅಂಗೈಯ ಬೊಗಸೆಯ ಮೇಲೆ ಬೆರಳ ತುದಿಗಳ ಆಸರೆಯಲ್ಲಿ ಮಲಗಿಸಿಕೊಂಡು ಇನ್ನೊಂದರಿಂದ ಹೊಡೆಯುತ್ತಾನೆ. ಅಂಗೈಯ ಆ ಟೊಳ್ಳಿನಿಂದಲೇ ಅಷ್ಟು ಚಿಕ್ಕ ಕೋಲಿನ ದನಿ ಇಡೀ ಮೇಳವನ್ನು ಸೀಳಿಕೊಂಡು ಕೇಳುತ್ತದೆ. ನೀವೇ ಮಾಡಿ ನೋಡಬಹುದು. ಒಂದರಿಂದ ಎಂಟರವರೆಗೆ ಸಮವಾಗಿ ಎರಡು ಸುತ್ತು ಎಣಿಸಿ. ಮೊದಲ ಸುತ್ತಿನಲ್ಲಿ 1, 4, 7ಕ್ಕೆ ಚಪ್ಪಾಳೆ, ಎರಡನೆಯ ಸುತ್ತಿನಲ್ಲಿ 3, 5ಕ್ಕೆ ಚಪ್ಪಾಳೆ. ನಮ್ಮ ಕಚೇರಿಗಳಲ್ಲಿ ಕೇಳುಗರು ತೊಡೆಯ ಮೇಲೆ ತಾಳ ಹಾಕುತ್ತಾ ಸಮಕ್ಕೆ ಕಾಯುತ್ತಾರಲ್ಲ, ಅಂಥ ಕಾಯುವಿಕೆ ಇಲ್ಲಿ ಅಷ್ಟಾಗಿ ಇರುವುದಿಲ್ಲ. ಮೊದಲ ಸುತ್ತಿನ ಮೂರು ಪೆಟ್ಟುಗಳು ಒಂದು ಎಳೆತವನ್ನು ಹುಟ್ಟಿಸುತ್ತವೆ, ಎರಡನೆಯ ಸುತ್ತಿನ ಎರಡು ಪೆಟ್ಟುಗಳು ಅದನ್ನು ಸಡಿಲಿಸುತ್ತವೆ. ಹಾಡಿನ ಪ್ರತಿ ಸಾಲು, ತುತ್ತೂರಿಯ ಪ್ರತಿ ಪಲುಕು ಈ ಎಳೆತ ಸಡಿಲಿಕೆಗಳಿಗೆ ಹೊಂದಿಕೊಂಡೇ ಬರಬೇಕು. ಅನೇಕ ಧ್ವನಿಮುದ್ರಣಗಳಲ್ಲಿ ಕೋಲುಗಳ ಸದ್ದೇ ಇರುವುದಿಲ್ಲ, ಆದರೂ ಎಲ್ಲರೂ ಅದನ್ನು ಒಳಗೇ ಎಣಿಸುತ್ತಿರುತ್ತಾರೆ.

ಇನ್ನೊಂದು ಗುಟ್ಟು ಬಾಸ್ ವಾದ್ಯದಲ್ಲಿದೆ. ಮೊದಲ ಎಣಿಕೆಗೆ, ಅಂದರೆ ಕಾಲು ನೆಲಕ್ಕೆ ಬೀಳುತ್ತದೆಂದು ನಾವು ಎಣಿಸುವ ಕಡೆ, ಬಾಸ್ ಸುಮ್ಮನಿರುತ್ತದೆ. ಅದು ಸಾಮಾನ್ಯವಾಗಿ ನುಡಿಯುವುದು 4 ಮತ್ತು 7ಕ್ಕೆ. ಆ ಏಳನೆಯ ಸ್ವರ ಮುಂದಿನ ಸುತ್ತಿಗೆ ಸೇರಿದ್ದು, ಮುಂಚಿತವಾಗಿ ಬಂದಿರುತ್ತದೆ. ಖಾಲಿ ಬಿಟ್ಟ ಆ ಮೊದಲ ಎಣಿಕೆಯನ್ನು ಕುಣಿಯುವವರು ತಮ್ಮ ಮೈಯಿಂದ ತುಂಬುತ್ತಾರೆ. ಇಡೀ ಒಂದು ಹಾಡನ್ನು ಬಾಸ್ ಒಂದನ್ನೇ ಅನುಸರಿಸಿ ಕೇಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಈ ಸಂಗೀತದ ತೂಗಾಟ ಎಲ್ಲಿಂದ ಬರುತ್ತದೆಂಬುದು ಆಗ ತಿಳಿಯುತ್ತದೆ.

ಸೊನ್ ಬೆಳೆದದ್ದು ದ್ವೀಪದ ಪೂರ್ವ ಭಾಗದಲ್ಲಿ, ಸಾಂತಿಯಾಗೊ ಮತ್ತು ಅದರ ಸುತ್ತಲಿನ ಬೆಟ್ಟ ಪ್ರದೇಶಗಳಲ್ಲಿ. ಸ್ಪೇನಿನ ತಂತಿವಾದ್ಯ ಮತ್ತು ಪದ್ಯರೂಪ, ಗುಲಾಮರಾಗಿ ಬಂದ ಆಫ್ರಿಕನ್ನರ ಲಯ ಮತ್ತು ಸವಾಲು ಜವಾಬಿನ ಗಾಯನ, ಇವೆರಡೂ ಅಲ್ಲಿ ಬೇರ್ಪಡಿಸಲಾಗದಂತೆ ಬೆರೆತವು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅದು ಹವಾನಾ ತಲುಪಿತು; ಕರಿಯರ ಕೇರಿಯ ಗದ್ದಲವೆಂದು ಮೊದಲು ಮೂಗು ಮುರಿದ ಮೇಲ್ವರ್ಗದವರೂ 1920ರ ದಶಕದಲ್ಲಿ ಅದಕ್ಕೆ ಹೆಜ್ಜೆ ಹಾಕತೊಡಗಿದರು. ಈ ಕಾಲದವರಲ್ಲಿ 1925ರಲ್ಲಿ ಸಾಂತಿಯಾಗೊದಲ್ಲಿ ಕೂಡಿಕೊಂಡ ತ್ರಿಯೊ ಮತಮೋರೋಸ್ ನಿಮಗೆ ಬೇಗ ಒಗ್ಗುತ್ತದೆ. ಎರಡು ಗಿಟಾರು, ಮರಾಕಸ್ ಎಂಬ ಗಿಲಕಿಗಳು, ಮೂವರ ಕಂಠ, ಅಷ್ಟೇ. ಮೇಳ ಇಷ್ಟು ಚಿಕ್ಕದಾಗಿರುವುದರಿಂದ ಯಾವ ವಾದ್ಯ ಏನು ಮಾಡುತ್ತಿದೆಯೆಂಬುದು ಸ್ಪಷ್ಟವಾಗಿ ಕೇಳುತ್ತದೆ. ಅದಾದ ಮೇಲೆ ಇಗ್ನಾಸಿಯೊ ಪಿನ್ಯೇರೊ 1927ರಲ್ಲಿ ಹವಾನಾದಲ್ಲಿ ಕಟ್ಟಿದ ಮೇಳವನ್ನು ಕೇಳಬೇಕು. ತುತ್ತೂರಿಯೊಂದು ಸೇರಿ ಅದು ‘ಸೆಪ್ತೇತೊ ನಾಸಿಯೊನಾಲ್’ ಆಯಿತು. ದಾರಿ ಬದಿ ಸಾಸೇಜ್ ಮಾರುವವನ ಬಗ್ಗೆ ಪಿನ್ಯೇರೊ ಬರೆದ ‘ಎಚಲೆ ಸಲ್ಸಿತಾ’ ಹಾಡಿನ ಒಂದು ಎಳೆಯನ್ನು ಅಮೆರಿಕದ ಸಂಯೋಜಕ ಜಾರ್ಜ್ ಗರ್ಶ್‌ವಿನ್ 1932ರ ತನ್ನ ಕ್ಯೂಬನ್ ಓವರ್ಚರ್ ಎಂಬ ವಾದ್ಯವೃಂದ ಕೃತಿಯಲ್ಲಿ ಬಳಸಿಕೊಂಡಿದ್ದಾನೆ.

ಈಗ ಆರ್ಸೇನಿಯೊ ರೋದ್ರಿಗೆಸ್. 1911ರಲ್ಲಿ ಮತಾನ್ಸಾಸ್ ಪ್ರಾಂತ್ಯದಲ್ಲಿ ಹುಟ್ಟಿದ ಈತ ಕಾಂಗೊ ಮೂಲದ ಮನೆತನದವನು. ಚಿಕ್ಕಂದಿನಲ್ಲಿ ಪ್ರಾಣಿಯೊಂದು ಒದ್ದು ಎರಡೂ ಕಣ್ಣು ಕಳೆದುಕೊಂಡ. ಈತನ ವಾದ್ಯ ‘ತ್ರೆಸ್’, ಮೂರು ಜೋಡಿ ತಂತಿಗಳಿರುವ, ಗಿಟಾರಿನಂಥ ಕ್ಯೂಬನ್ ವಾದ್ಯ. 1940ರ ಹೊತ್ತಿಗೆ ಈತ ಮಾಡಿದ ಕೆಲಸ ಮೇಲುನೋಟಕ್ಕೆ ವಾದ್ಯಗಳ ಸಂಖ್ಯೆ ಹೆಚ್ಚಿಸಿದ್ದು ಮಾತ್ರ: ಒಂದಿದ್ದ ತುತ್ತೂರಿಯನ್ನು ಎರಡು ಮೂರಕ್ಕೆ ಏರಿಸಿದ, ಪಿಯಾನೊ ತಂದ, ಬೀದಿಯಲ್ಲಿ ಡೋಲು ಬಡಿದು ಹಾಡಿ ಕುಣಿಯುವ ರುಂಬಾದ ಉದ್ದನೆಯ ಕೊಂಗಾ ಡೋಲನ್ನು ನೃತ್ಯದ ಮೇಳದೊಳಗೆ ಕೂರಿಸಿದ. ಆದರೆ ಇಷ್ಟು ವಾದ್ಯಗಳಿದ್ದೂ ಯಾವುದೂ ಇನ್ನೊಂದರ ಮೇಲೆ ಬೀಳದಂತೆ ಆತ ಹೆಣೆದ ರೀತಿಯೇ ಅವನ ನಿಜವಾದ ಸಾಧನೆ. ಕೊಂಗಾ ಬಿಟ್ಟ ಸಂದಿನಲ್ಲಿ ಬಾಸ್, ಬಾಸ್ ಬಿಟ್ಟ ಸಂದಿನಲ್ಲಿ ಪಿಯಾನೊ, ಅದರ ಬೆನ್ನಿಗೆ ತ್ರೆಸ್ ಹೀಗೆ ಒಂದಕ್ಕೊಂದು ಮಾತಾಡಿಸುತ್ತಾ ಸಾಗಿ, ಹಾಡಿನ ಕೊನೆಯಲ್ಲಿ ತುತ್ತೂರಿಗಳು ಮೆಟ್ಟಿಲು ಮೆಟ್ಟಿಲಾಗಿ ಏರಿ ಕುಣಿಯುವವರನ್ನು ತುದಿಗೆ ಮುಟ್ಟಿಸುತ್ತವೆ. ಲಯ ಓಡುವುದೇ ಇಲ್ಲ. ನಿಧಾನವಾಗಿ, ಭಾರವಾಗಿ ನಡೆಯುತ್ತದೆ. ವೇಗವಿಲ್ಲದೆ ಇಷ್ಟು ಕಾವು ಹುಟ್ಟಿಸಿದ ನೃತ್ಯ ಸಂಗೀತವನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಮುಂದೆ ನ್ಯೂಯಾರ್ಕಿನಲ್ಲಿ ಸಾಲ್ಸಾ ಎಂದು ಹೆಸರಾದ ಸಂಗೀತದ ಬುಡ ಬಹುಮಟ್ಟಿಗೆ ಇದೇ.

ಬಿಳಿಯರ ಕ್ಲಬ್ಬುಗಳ ಬಾಗಿಲು ಆಗ ಕರಿಯರ ಮೇಳಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು. ಆರ್ಸೇನಿಯೊ ನುಡಿಸುತ್ತಿದ್ದುದು ಹೆಚ್ಚಾಗಿ ಕರಿಯರ ಸಂಘಗಳಲ್ಲಿ ಮತ್ತು ‘ಲಾ ತ್ರೋಪಿಕಾಲ್’ ಬಿಯರ್ ಕಂಪನಿಯ ತೋಟದ ನೃತ್ಯಾಂಗಣದಲ್ಲಿ. ನೀವು ಹೆಸರಿಸಿದ ಆಲ್ಬಮ್ಮಿಗೆ ಹೆಸರು ಕೊಟ್ಟ ಬುಯೆನಾ ವಿಸ್ತಾ ಕ್ಲಬ್ಬೂ ಅಂಥ ಒಂದು ಸಂಘವೇ. ಆ ಆಲ್ಬಮ್ ಧ್ವನಿಮುದ್ರಣಗೊಂಡದ್ದು 1996ರಲ್ಲಿ. ಆಗ ಅದರ ಗಾಯಕರಲ್ಲಿ ಕೊಂಪಾಯ್ ಸೆಗುಂದೊ ಎಂಬತ್ತರ ಕೊನೆಯಲ್ಲಿದ್ದ, ಇಬ್ರಾಹಿಂ ಫೆರೇರ್ ಅರವತ್ತು ದಾಟಿ ಬಹಳವಾಗಿತ್ತು, ಪಿಯಾನೊ ವಾದಕ ರೂಬೆನ್ ಗೊನ್ಸಾಲೆಸ್ ಎಂಬತ್ತರ ಹತ್ತಿರಕ್ಕೆ ಬಂದಿದ್ದ. ಇವರ ವಯಸ್ಸಿನ ಸೌಮ್ಯತೆ ಆ ಆಲ್ಬಮ್ಮಿನ ಚೆಲುವು, ನಿಜ. ಆದರೆ ಅದನ್ನೇ ಈ ಸಂಗೀತದ ಸ್ವಭಾವವೆಂದು ತಿಳಿಯಬಾರದು. ಇದೇ ರೂಬೆನ್ ಗೊನ್ಸಾಲೆಸ್ 1940ರ ದಶಕದಲ್ಲಿ ಆರ್ಸೇನಿಯೊನ ಮೇಳದಲ್ಲಿ ಪಿಯಾನೊ ನುಡಿಸಿದವನು. ಅವನ ನಂತರ ಆ ಜಾಗಕ್ಕೆ ಬಂದ ಲಿಲಿ ಮಾರ್ತಿನೆಸ್, ತುತ್ತೂರಿಯ ಫೆಲಿಕ್ಸ್ ಚಾಪೊತೀನ್, ಗಾಯಕ ಮಿಗೆಲೀತೊ ಕುನಿ, ಈ ಮೂರು ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಆರ್ಸೇನಿಯೊ ಅಮೆರಿಕಕ್ಕೆ ಹೊರಟುಹೋದ ಮೇಲೆ ಚಾಪೊತೀನನ ಹೆಸರಿನಲ್ಲಿ ಅದೇ ಮೇಳ ಹವಾನಾದಲ್ಲಿ ಮುಂದುವರಿಯಿತು. ಕಣ್ಣು ಮರಳಿ ಬಂದೀತೇ ಎಂದು ತಜ್ಞರನ್ನು ಕಾಣಲು ಆರ್ಸೇನಿಯೊ 1947ರಲ್ಲಿ ನ್ಯೂಯಾರ್ಕಿಗೆ ಹೋಗಿದ್ದ. ಸಾಧ್ಯವಿಲ್ಲವೆಂದು ತಿಳಿದ ನಂತರ ಬರೆದ ‘ಲಾ ವಿದಾ ಎಸ್ ಉನ್ ಸ್ವೆನ್ಯೊ’ (ಬದುಕೊಂದು ಕನಸು) ಎಂಬ ಬೊಲೆರೊವನ್ನು, ಅಂದರೆ ನಿಧಾನಗತಿಯ ಭಾವಗೀತೆಯನ್ನು, ಅವನ ನೃತ್ಯಗೀತೆಗಳ ನಡುವೆ ಒಮ್ಮೆಯಾದರೂ ಕೇಳಬೇಕು.

ಸೊನ್‌ಗೆ ಸಮಾನವಾಗಿ ಹರಿದ ಇನ್ನೊಂದು ಧಾರೆ ‘ದಾನ್ಸೋನ್’. ಮಿಗೆಲ್ ಫೈಲ್ದೆ ಎಂಬಾತ 1879ರ ಹೊಸ ವರ್ಷದ ದಿನ ಮತಾನ್ಸಾಸ್ ನಗರದಲ್ಲಿ ನುಡಿಸಿದ ಕೃತಿಯಿಂದ ಇದರ ಚರಿತ್ರೆಯನ್ನು ಎಣಿಸುವುದು ವಾಡಿಕೆ. ಕೊಳಲು, ಪಿಟೀಲು, ಪಿಯಾನೊ, ಬಾಸ್, ಜೋಡಿ ಡೋಲು ಮತ್ತು ಗೀಚಿ ನುಡಿಸುವ ಸೋರೆ ಬುರುಡೆಯ ಗ್ವಿರೊ ಇರುವ ಇದರ ಮೇಳಕ್ಕೆ ‘ಚರಾಂಗಾ’ ಎಂದು ಹೆಸರು. ಇದರ ಆರಂಭದ ಎಳೆ ಮತ್ತೆ ಮತ್ತೆ ಮರಳುತ್ತದೆ. ಅದು ಬಂದಾಗಲೆಲ್ಲ ಜೋಡಿಗಳು ಕುಣಿತ ನಿಲ್ಲಿಸಿ, ಬೀಸಣಿಗೆ ಬೀಸಿಕೊಳ್ಳುತ್ತಾ ಮಾತಾಡುತ್ತಾ ನಿಲ್ಲುತ್ತಾರೆ, ಅದು ಮುಗಿದೊಡನೆ ಸರಿಯಾದ ಎಣಿಕೆಗೆ ಮತ್ತೆ ಹೆಜ್ಜೆ ಎತ್ತುತ್ತಾರೆ. ಇದು ಗೊತ್ತಿದ್ದರೆ ದಾನ್ಸೋನಿನ ಕಟ್ಟಡ ಕಿವಿಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ. 1938ರಲ್ಲಿ ಕೊಳಲು ವಾದಕ ಆಂತೊನಿಯೊ ಆರ್ಕಾನ್ಯೊನ ಚರಾಂಗಾದಲ್ಲಿದ್ದ ಓರೆಸ್ತೆಸ್ ಲೋಪೆಸ್ ‘ಮಾಂಬೊ’ ಎಂಬ ದಾನ್ಸೋನ್ ಬರೆದ. ಅವನ ತಮ್ಮ, ಕಚಾವೊ ಎಂದೇ ಪ್ರಸಿದ್ಧನಾದ ಬಾಸ್ ವಾದಕ ಇಸ್ರಾಯೆಲ್ ಲೋಪೆಸ್ ಕೂಡ ಆ ಪ್ರಯೋಗದಲ್ಲಿ ಜೊತೆಗಿದ್ದ. ಆ ಮಾಂಬೊ ಲಯ ಕುಣಿಯುವವರಿಗೆ ಕಷ್ಟವಾಗುತ್ತಿರುವುದನ್ನು ಗಮನಿಸಿದ ಪಿಟೀಲು ವಾದಕ ಎನ್ರಿಕೆ ಹೊರ್ರೀನ್ ಅದನ್ನು ಸರಳಗೊಳಿಸಿ 1950ರ ದಶಕದ ಆರಂಭದಲ್ಲಿ ಚಾ ಚಾ ಚಾ ಹುಟ್ಟಿಸಿದ. ಇದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಸಿಯೆನ್‌ಫ್ವೇಗೋಸ್ ನಗರದ ಒರ್ಕೆಸ್ತಾ ಅರಗೋನ್. ಅದರ ರಿಚರ್ಡ್ ಎಗ್ವೆಸ್ ಅವರ ಕೊಳಲು ಗಾಯಕರ ಸಾಲುಗಳ ನಡುವೆ ನುಸುಳಿ ಬರುವ ಚುರುಕನ್ನು ಕೇಳಿಯೇ ನೋಡಬೇಕು.

ಒಬ್ಬನೇ ಗಾಯಕನನ್ನು ಹೆಸರಿಸಿ ಎಂದರೆ ಹಿಂದೆ ಮುಂದೆ ನೋಡದೆ ಬೆನಿ ಮೊರೆ ಎನ್ನುತ್ತೇನೆ. 1919ರಲ್ಲಿ ಸಾಂತಾ ಇಸಾಬೆಲ್ ದೆ ಲಾಸ್ ಲಾಹಾಸ್ ಎಂಬ ಊರಿನ ಬಡ ಕುಟುಂಬದಲ್ಲಿ ಹುಟ್ಟಿ, ಅಲ್ಲಿನ ಕಾಂಗೊ ಮೂಲದವರ ಸಂಘದ ಡೋಲುಗಳ ನಡುವೆ ಬೆಳೆದ ಈತ 1945ರಲ್ಲಿ ಮಿಗೆಲ್ ಮತಮೋರೋಸನ ಮೇಳದೊಂದಿಗೆ ಮೆಕ್ಸಿಕೊಗೆ ಹೋಗಿ ಅಲ್ಲಿಯೇ ಉಳಿದ, ಮಾಂಬೊದ ದೊರೆಯೆನಿಸಿದ ಪೆರೆಸ್ ಪ್ರಾದೊನೊಂದಿಗೆ ಹಾಡಿದ, ಮರಳಿ ಬಂದು 1953ರಲ್ಲಿ ‘ಬಾಂದಾ ಹಿಗಾಂತೆ’ ಎಂಬ ದೊಡ್ಡ ಮೇಳವನ್ನು ಕಟ್ಟಿದ. ಸ್ವರಲಿಪಿ ಓದಲು ಬಾರದ ಈತ ತನಗೆ ಬೇಕಾದುದನ್ನು ಬಾಯಲ್ಲೇ ಹಾಡಿ ತೋರಿಸಿ ಬರೆಸುತ್ತಿದ್ದ. ‘ಕೆ ಬ್ವೇನೊ ಬಾಯ್ಲಾ ಉಸ್ತೆದ್’ ಹಾಡಿನ ನಡುವೆ ಈತ ಟ್ರಾಂಬೋನ್ ವಾದಕ ಹೆನೆರೋಸೊ ಹಿಮೆನೆಸನನ್ನು ಹೆಸರು ಹಿಡಿದು ಕರೆದು ಹೊಗಳುತ್ತಾನೆ. ಆ ಕರೆ ಮುಗಿಯುವ ಮೊದಲೇ ಟ್ರಾಂಬೋನ್ ಉತ್ತರ ಕೊಡುತ್ತದೆ. ಹಾಡುಗಾರನೇ ಮೇಳದ ನಾಯಕನಾಗಿ, ಕುಣಿಯುವವರ ಗೆಳೆಯನಾಗಿ ನಿಲ್ಲುವುದು ಹೇಗೆಂಬುದಕ್ಕೆ ಆ ಕೆಲವು ಕ್ಷಣಗಳೇ ಸಾಕು. ಅದೇ ಕಂಠ ‘ಕೋಮೊ ಫ್ವೆ’ ಎಂಬ ಬೊಲೆರೊದಲ್ಲಿ ಎಷ್ಟು ಮೃದುವಾಗುತ್ತದೆಂಬುದನ್ನೂ ಕೇಳಿ. 1963ರಲ್ಲಿ ತೀರಿಕೊಂಡಾಗ ಈತನಿಗೆ ಕೇವಲ 43 ವರ್ಷ.

ಗಾಯಕಿಯರಲ್ಲಿ, ಗಂಡಸರದೇ ಆಗಿದ್ದ ಸೊನ್ ಲೋಕದಲ್ಲಿ 1920ರ ದಶಕದಲ್ಲೇ ಸ್ವಂತ ಮೇಳ ನಡೆಸಿದ ಮರಿಯಾ ತೆರೇಸಾ ವೆರಾ ಅವರನ್ನು ಮರೆಯಬಾರದು. ಸೆಲಿಯಾ ಕ್ರೂಸ್ ಅವರನ್ನು ಎಲ್ಲರೂ ಸಾಲ್ಸಾದ ರಾಣಿಯೆಂದೇ ಬಲ್ಲರು, ಆದರೆ 1950ರಿಂದ ‘ಸೊನೋರಾ ಮತಾನ್ಸೇರಾ’ ಮೇಳದೊಂದಿಗೆ ಅವರು ಹವಾನಾದಲ್ಲಿ ಮಾಡಿದ ಧ್ವನಿಮುದ್ರಣಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಅಲ್ಲಿ ಮೇಳ ಮಿತವಾಗಿದೆ, ಕಂಠಕ್ಕೆ ಬಯಲು ಸಿಕ್ಕಿದೆ.

ಭಾಷೆಯ ಬಗ್ಗೆ ನಿಮಗಿರುವ ಆತಂಕಕ್ಕೆ ಒಂದು ಮಾತು. ಈ ಹಾಡುಗಳಲ್ಲಿ ಬಹಳಷ್ಟರ ವಸ್ತು ದಿನನಿತ್ಯದ್ದು: ತಿಂಡಿ, ಕೇರಿ, ಊರಿನ ಹೆಸರು, ಅಂಗಡಿಯವ, ಸಿಟ್ಟಾದ ಪ್ರೇಯಸಿ. ಬೀದಿ ವ್ಯಾಪಾರಿಗಳ ಕೂಗನ್ನೇ ರಾಗವಾಗಿಸಿದ ‘ಪ್ರೆಗೋನ್’ ಎಂಬ ಬಗೆಯೇ ಇದೆ. ಮೊಯಿಸೆಸ್ ಸಿಮೋನ್ಸ್ ಬರೆದ ಕಡಲೆಕಾಯಿ ಮಾರುವವನ ಹಾಡು ‘ಎಲ್ ಮಾನಿಸೇರೊ’ ಅದರಲ್ಲಿ ಅತಿ ಪ್ರಸಿದ್ಧ. ಆಂತೊನಿಯೊ ಮಚೀನ್ ಅದನ್ನು ಡಾನ್ ಅಸ್ಪಿಯಾಸುವಿನ ಮೇಳದೊಂದಿಗೆ 1930ರಲ್ಲಿ ನ್ಯೂಯಾರ್ಕಿನಲ್ಲಿ ಹಾಡಿದಾಗ ಸ್ಪ್ಯಾನಿಷಿನ ಗಂಧವಿಲ್ಲದ ಲಕ್ಷಾಂತರ ಜನ ಅದಕ್ಕೆ ಮನಸೋತರು. ಹಾಡಿನ ಸಾರಾಂಶವನ್ನು ಒಮ್ಮೆ ಓದಿಕೊಂಡರೆ ಸಾಕು, ಪದ ಪದದ ಅರ್ಥ ಹುಡುಕುತ್ತಾ ಕೂರುವ ಅಗತ್ಯವಿಲ್ಲ. ತ್ರಿಯೊ ಮತಮೋರೋಸ್, ಸೆಪ್ತೇತೊ ನಾಸಿಯೊನಾಲ್, ಆರ್ಸೇನಿಯೊ, ಅರಗೋನ್, ಬೆನಿ ಮೊರೆ ಎಂಬ ಕ್ರಮದಲ್ಲಿ ಒಬ್ಬೊಬ್ಬರೊಂದಿಗೆ ಕೆಲವು ದಿನ ಕಳೆಯಿರಿ, ಇವರೆಲ್ಲರ ಹಳೆಯ ಧ್ವನಿಮುದ್ರಣಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಮೊಬೈಲಿನ ಸ್ಪೀಕರಿನಲ್ಲಿ ಬಾಸ್ ಕೇಳಿಸುವುದೇ ಇಲ್ಲವಾದ್ದರಿಂದ ಇಯರ್‌ಫೋನ್ ಹಾಕಿಕೊಂಡು ಕೇಳಿ.