ಸಂಪಾದಕರ ಉತ್ತರ: ಎರಡು ವರ್ಷದ ಮಗು, ಹೋಟೆಲ್ ಊಟ, ಕಾಯುವ ಅರ್ಧ ಗಂಟೆ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದು ಕೇಳಿಕೊಂಡು ನೀವು ಬರೆದ ಪತ್ರ ತಲುಪಿದೆ. ಉಳಿದ ಓದುಗರಿಗೂ ತಿಳಿಯಲಿ ಎಂದು ಅದರಲ್ಲಿದ್ದುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ರಜೆಗೆಂದು ಮಕ್ಕಳ ಜೊತೆ ಪ್ರವಾಸ ಹೋದಿರಿ. ಚಿಕ್ಕವನಿಗೆ ಎರಡು ವರ್ಷ, ದೊಡ್ಡವಳಿಗೆ ಇನ್ನೂ ನಾಲ್ಕು ತುಂಬಿಲ್ಲ. ಒಂದು ರಾತ್ರಿ ಒಳ್ಳೆಯ ಹೋಟೆಲಿಗೆ ಊಟಕ್ಕೆ ಹೋದಿರಿ. ತಟ್ಟೆ ಬರುವಷ್ಟರಲ್ಲಿ ಚಿಕ್ಕವನು ಚಮಚ ಎಸೆದಿದ್ದ, ನೀರು ಚೆಲ್ಲಿದ್ದ, ರಚ್ಚೆ ಹಿಡಿದಿದ್ದ. ಪಕ್ಕದ ಟೇಬಲಿನವರು ತಿರುತಿರುಗಿ ನೋಡಿದರು. ಫೋನ್ ಕೈಗೆ ಕೊಟ್ಟ ಮೇಲೆ ಸುಮ್ಮನಾದ. "ಇವರಿಗೆ ಐದು ವರ್ಷ ಆಗೋವರೆಗೂ ಹೊರಗಿನ ಊಟವೇ ಬೇಡ" ಎಂದರು ನಿಮ್ಮ ಯಜಮಾನರು. ಅವರು ಹೇಳಿದ್ದು ಸರಿಯಾ? ಫೋನ್ ಕೊಟ್ಟಿದ್ದು ತಪ್ಪಾ? ಪ್ರವಾಸವಿಡೀ ಮಗು ಬರೀ ಅನ್ನ, ಬ್ರೆಡ್ಡು ತಿಂದರೆ ಏನಾದರೂ ಆಗುತ್ತಾ? ಚೆಲ್ಲಾಡಿದ್ದನ್ನು ನಾವೇ ಎತ್ತಬೇಕಾ? ಇಷ್ಟು ನಿಮ್ಮ ಪ್ರಶ್ನೆಗಳು.

ಐದು ವರ್ಷ ಕಾಯಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹೋಟೆಲಿನಲ್ಲಿ ಕೂರುವುದನ್ನು ಮಕ್ಕಳು ಹೋಟೆಲಿನಲ್ಲೇ ಕಲಿಯಬೇಕು, ಬೇರೆಲ್ಲಿ ಕಲಿಯುತ್ತಾರೆ? ಆದರೆ ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲಿದೆ. ನೀವು ಅದನ್ನು ಬರೆದು ಹಾಗೇ ಮುಂದೆ ಹೋಗಿದ್ದೀರಿ. "ಎಂಟು ಗಂಟೆಗೆ ಹೋದೆವು, ಟೇಬಲ್ ಸಿಕ್ಕಾಗ ಎಂಟೂವರೆ." ನನ್ನ ಕಣ್ಣು ಅಲ್ಲೇ ನಿಂತಿತು. ಎಂಟೂವರೆಗೆ ಕೂತು, ಮೆನು ನೋಡಿ, ಆರ್ಡರ್ ಕೊಟ್ಟು, ತಟ್ಟೆ ಮುಂದೆ ಬರುವಾಗ ಒಂಬತ್ತಾದರೂ ಆಗಿರುತ್ತದೆ. ಮಧ್ಯಾಹ್ನ ಕಾರಿನಲ್ಲಿ ಅರೆಬರೆ ನಿದ್ದೆ ಮಾಡಿದ್ದ ಎಂದೂ ಬರೆದಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಮೂರು, ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ. ನಿದ್ದೆಗೆಟ್ಟು ಹಸಿದ ಮಗು ಒಂದು ಗಂಟೆ ಕಾದಿದೆ. ಅದು ಅಳದೇ ಇದ್ದಿದ್ದರೆ ಆಶ್ಚರ್ಯ.

ಹಾಗಾಗಿ ಕಡಿಮೆ ಮಾಡಬೇಕಾದ್ದು ಕಾಯುವ ಹೊತ್ತನ್ನು. ಅಡುಗೆಮನೆ ಆಗಷ್ಟೇ ಶುರುವಾಗಿ ಟೇಬಲುಗಳು ಖಾಲಿ ಇರುವಾಗಲೇ ಹೋಗಿಬಿಡಿ. ನಿಮ್ಮ ಮಾಮೂಲಿ ಊಟದ ಹೊತ್ತಿಗಿಂತ ಅದು ತುಂಬಾ ಬೇಗ ಅನ್ನಿಸಬಹುದು, ಅನ್ನಿಸಲಿ. ಮೆನುವನ್ನು ರೂಮಿನಲ್ಲೇ ಫೋನಿನಲ್ಲಿ ನೋಡಿಕೊಂಡಿರಿ. ಒಬ್ಬರು ಒಳಗೆ ಹೋಗಿ ಟೇಬಲ್ ಹಿಡಿದು ಆರ್ಡರ್ ಕೊಡಲಿ, ಇನ್ನೊಬ್ಬರು ಮಕ್ಕಳನ್ನು ಹೊರಗೆ ಓಡಾಡಿಸಲಿ. ತಟ್ಟೆ ಬರುವ ಹೊತ್ತಿಗೆ ಎಲ್ಲರೂ ಕೂತರೆ ಸಾಕು. ಊಟ ಬಡಿಸುವಾಗಲೇ ಬಿಲ್ಲನ್ನೂ ಕೇಳಿಬಿಡಿ. ಊಟ ಮುಗಿದ ಮೇಲೆ ಬಿಲ್ಲಿಗೆ ಕಾಯುವ ಹತ್ತು ನಿಮಿಷ ಇದೆಯಲ್ಲ, ಅದು ಮೊದಲಿನ ಅರ್ಧ ಗಂಟೆಗಿಂತ ಕಷ್ಟ.

"ಮಗುವಿನ ತಟ್ಟೆ ಮೊದಲು ತನ್ನಿ" ಎಂದು ಹೇಳುವವರು ಬಹಳ ಜನ. ನನಗೇನೋ ಅದು ಅಷ್ಟು ಸರಿ ಕಾಣುವುದಿಲ್ಲ. ಎರಡು ವರ್ಷದವನು ಹತ್ತು ನಿಮಿಷಕ್ಕೆ ತಿಂದು ಮುಗಿಸುತ್ತಾನೆ. ನಿಮ್ಮ ತಟ್ಟೆ ಬರುವಾಗ ಅವನು ಕುರ್ಚಿಯಿಂದ ಇಳಿಯಲು ಒದ್ದಾಡುತ್ತಿರುತ್ತಾನೆ. ಹೊರಡುವ ಮೊದಲು ಅರ್ಧ ಬಾಳೆಹಣ್ಣೋ ಒಂದು ತುಂಡು ಬ್ರೆಡ್ಡೋ ಕೊಟ್ಟು ಹಸಿವಿನ ಉಗ್ರತೆ ತಗ್ಗಿಸಿ. ಆಮೇಲೆ ಎಲ್ಲರ ತಟ್ಟೆಯೂ ಒಟ್ಟಿಗೇ ಬರಲಿ.

ಕೂರಿಸುವ ಜಾಗ ನೋಡಿ ಆರಿಸಿ. ವೇಟರ್ ಬಿಸಿ ತಟ್ಟೆ ಹಿಡಿದು ಬಗ್ಗುವ ಬದಿಯಲ್ಲಿ ಮಗು ಬೇಡ, ಗೋಡೆ ಕಡೆ ಇರಲಿ. ಕೂತ ತಕ್ಷಣ ಮಗುವಿನ ಕೈ ಎಲ್ಲಿಯವರೆಗೆ ಚಾಚುತ್ತದೋ ಅಲ್ಲಿಯವರೆಗೂ ಟೇಬಲ್ ಖಾಲಿ ಮಾಡಿ. ಚಾಕು, ಗಾಜಿನ ಲೋಟ, ಉಪ್ಪಿನ ಡಬ್ಬಿ, ಹೂದಾನಿ ಎಲ್ಲ ಆಚೆ. ಮೇಜುಬಟ್ಟೆ ಇಳಿಬಿದ್ದಿದ್ದರೆ ಮಡಚಿ ಮೇಲೆ ಹಾಕಿ. ಅದರ ತುದಿ ಎಳೆದರೆ ಮೇಲಿದ್ದ ಸೂಪು ಮೈಮೇಲೆ. ಕಾಫಿ, ಟೀ ಆರಿದೆ ಎಂದು ನಂಬಬೇಡಿ. ಮಾಡಿ ಕಾಲು ಗಂಟೆ ಆದ ಮೇಲೂ ಅದು ಪುಟ್ಟ ಮಕ್ಕಳ ಚರ್ಮ ಸುಡುವಷ್ಟು ಬಿಸಿ ಇರಬಹುದು. ಬೇಬಿ ಚೇರ್ ಕೊಟ್ಟರೆ ಬೆಲ್ಟ್ ಗಟ್ಟಿಯಾಗಿದೆಯಾ ನೋಡಿ, ಹಾಕಿ. ಮಗು ಎರಡೂ ಪಾದ ಟೇಬಲಿನ ಅಂಚಿಗೆ ಊರಿ ಹಿಂದಕ್ಕೆ ಒದೆಯುತ್ತದೆ, ಆಗ ಕುರ್ಚಿ ಸಮೇತ ಮಗುಚಿಕೊಳ್ಳುತ್ತದೆ. ಅದಕ್ಕೇ ಒದೆಯಲು ಏನೂ ಸಿಗದ ಹಾಗೆ ಕುರ್ಚಿ ಇಡಬೇಕು.

ಇನ್ನು ತಿನ್ನುವ ವಿಷಯ. ಈ ವಯಸ್ಸಿನಲ್ಲಿ ಹೊಸ ಪದಾರ್ಥ ಕಂಡರೆ ಮುಖ ತಿರುಗಿಸುವುದು ಮಾಮೂಲು. ಹೊಸ ರುಚಿ ಒಗ್ಗಲು ಕೆಲವು ಮಕ್ಕಳಿಗೆ ಹತ್ತು ಹದಿನೈದು ಸಲ ಕೊಡಬೇಕಾಗುತ್ತದೆ. ಆ ಹೋರಾಟಕ್ಕೆ ಪ್ರವಾಸ ಜಾಗವಲ್ಲ. ಮಗು ಚಟುವಟಿಕೆಯಿಂದ ಇದ್ದು, ನೀರು, ಹಾಲು ಕುಡಿದು, ಸರಿಯಾಗಿ ಮೂತ್ರ ಮಾಡುತ್ತಿದ್ದರೆ ನಾಲ್ಕು ದಿನ ಅನ್ನ, ಬ್ರೆಡ್ಡಿನಲ್ಲಿ ಕಳೆದರೆ ಏನೂ ಆಗುವುದಿಲ್ಲ. ನಿಮ್ಮ ತಟ್ಟೆಯಿಂದ ಒಂದು ಚಿಕ್ಕ ತುಂಡು ಅವನ ತಟ್ಟೆಯ ಅಂಚಿಗಿಟ್ಟು ಸುಮ್ನೆ ಬಿಟ್ಟುಬಿಡಿ. ತಿಂದರೆ ತಿಂದ. ಮಕ್ಕಳಿಗೆಂದೇ ಪ್ರತ್ಯೇಕ ಮೆನು ಕೊಟ್ಟರೆ ಅದರಲ್ಲಿ ಎಣ್ಣೆಯಲ್ಲಿ ಕರಿದಿದ್ದೇ ಜಾಸ್ತಿ ಇರುತ್ತದೆ. ದೊಡ್ಡವರ ಮೆನುವಿನಿಂದಲೇ ಸಪ್ಪೆಯಾದ ಒಂದು ಪದಾರ್ಥ ಆರಿಸಿ, ಖಾರ ಬೇಡ, ಉಪ್ಪು ಕಡಿಮೆ ಎಂದು ಹೇಳಿ ಇಬ್ಬರಿಗೂ ಹಂಚಿ.

ಗಂಟಲಿನ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಇಡೀ ದ್ರಾಕ್ಷಿ, ಕಡಲೆಬೀಜ, ಪಾಪ್‌ಕಾರ್ನ್, ಗಟ್ಟಿ ಪೆಪ್ಪರಮೆಂಟು ನಾಲ್ಕು ವರ್ಷದೊಳಗಿನವರಿಗೆ ಅಪಾಯ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ ಕೊಡಿ, ಅಡ್ಡಕ್ಕೆ ಕತ್ತರಿಸಿದರೆ ಅದು ಗುಂಡಗೇ ಉಳಿಯುತ್ತದೆ. ಬಾಯಲ್ಲಿ ತುತ್ತಿಟ್ಟುಕೊಂಡು ಟೇಬಲುಗಳ ನಡುವೆ ಓಡುವುದಂತೂ ಬೇಡವೇ ಬೇಡ. ಬಫೆಯಲ್ಲಿ ಎಷ್ಟೋ ಹೊತ್ತಿನಿಂದ ಉಗುರುಬೆಚ್ಚಗೆ ಕೂತಿರುವುದಕ್ಕಿಂತ ಆಗಷ್ಟೇ ಮಾಡಿ ಹಬೆಯಾಡುತ್ತಿರುವುದು ಮಕ್ಕಳ ಹೊಟ್ಟೆಗೆ ಒಳ್ಳೆಯದು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಉಳಿದ ಊಟ ಕಟ್ಟಿಸಿಕೊಂಡು ಬ್ಯಾಗಿನಲ್ಲಿಟ್ಟು ಎರಡು ಗಂಟೆ ದಾಟಿದರೆ ಆಸೆ ಬಿಡಿ. ಭೇದಿಯಾದರೆ ನೀರಿಗೆ ಕಲಸಿ ಕುಡಿಸಲು ಓಆರ್‌ಎಸ್ ಪೊಟ್ಟಣ ಜೊತೆಯಲ್ಲಿರಲಿ. ಭೇದಿಯಾದ ಮಗು ಆರು ಗಂಟೆಯಾದರೂ ಮೂತ್ರ ಮಾಡದಿದ್ದರೆ, ಅತ್ತಾಗ ಕಣ್ಣೀರು ಬಾರದಿದ್ದರೆ, ಮಂಕಾಗಿದ್ದರೆ ಕೂಡಲೇ ಡಾಕ್ಟರ ಹತ್ತಿರ ಹೋಗಿ. ಯಾವುದಾದರೂ ಪದಾರ್ಥ ಮಗುವಿಗೆ ಅಲರ್ಜಿಯಿದ್ದರೆ ಅದನ್ನು ಹೋದ ಊರಿನ ಭಾಷೆಯಲ್ಲಿ ಚೀಟಿ ಬರೆಸಿಟ್ಟುಕೊಂಡು ಅಡುಗೆಯವರಿಗೇ ತೋರಿಸಿ. ಬಾಯಲ್ಲಿ ಹೇಳಿದ್ದು ವೇಟರ್ ಹತ್ತಿರವೇ ಉಳಿದುಬಿಡಬಹುದು.

ಫೋನಿನ ಬಗ್ಗೆ ನೀವು ಸಿಕ್ಕಾಪಟ್ಟೆ ನೊಂದುಕೊಂಡ ಹಾಗಿದೆ. ಒಂದು ರಾತ್ರಿಯ ಫೋನಿನಿಂದ ಯಾರ ಮಗುವೂ ಕೆಡುವುದಿಲ್ಲ. ನಾನು ಮೇಲೆ ಹೇಳಿದ ಮಾರ್ಗಸೂಚಿಯೇ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಕಡಿಮೆಯಾದಷ್ಟೂ ಒಳ್ಳೆಯದು ಎನ್ನುತ್ತದೆ. ಆದರೆ ಕೂತ ಕೂಡಲೇ ಫೋನ್ ಹೊರಗೆ ಬಂದರೆ ನಾಳೆಯೂ ಕೂತ ಕೂಡಲೇ ಕೈ ಚಾಚುತ್ತಾನೆ. ಅದು ಕೊನೆಗಿರಲಿ. ಅವನ ಊಟ ಮುಗಿದು, ನಿಮ್ಮದು ಇನ್ನೂ ಅರ್ಧ ಇರುವಾಗ. ಸೌಂಡ್ ಮಾತ್ರ ಪೂರ್ತಿ ಬಂದ್! ಮಗುವಿನ ಅಳುವನ್ನು ನಾನು ಸಹಿಸುತ್ತೇನೆ, ಪಕ್ಕದ ಟೇಬಲಿನಿಂದ ಅದೇ ಅದೇ ಶಿಶುಗೀತೆ ಕೇಳುವುದು ನನ್ನ ಕೈಲಾಗದು. ಫೋನಿಗಿಂತ ಮೊದಲು ಕಾಗದ, ಕ್ರೆಯಾನ್, ಅವನು ಇನ್ನೂ ನೋಡದ ಒಂದು ಪುಟ್ಟ ಆಟಿಕೆ ಬರಲಿ. ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ, ಒಂದೊಂದಾಗಿ ತೆಗೆಯಿರಿ. ದೊಡ್ಡವಳಿಗೆ ಒಂದು ಕೆಲಸ ಕೊಡಿ. ತನ್ನ ಆರ್ಡರನ್ನು ವೇಟರ್ ಹತ್ತಿರ ತಾನೇ ಹೇಳಲಿ.

ಇಷ್ಟೆಲ್ಲ ಮಾಡಿದರೂ ರಚ್ಚೆ ಹಿಡಿಯಬಹುದು. ಆಗ ಯಾರು ಏಳಬೇಕು ಎಂದು ನೀವಿಬ್ಬರೂ ರೂಮಿನಲ್ಲೇ ಮಾತಾಡಿಕೊಂಡಿರಿ. ಅಳು ಶುರುವಾದ ಮೇಲೆ ಆ ಚರ್ಚೆ ಜಗಳವೇ ಆಗುವುದು. ಗದರುವುದು, ಲಂಚ ಕೊಡುವುದು ಏನೂ ಬೇಡ, ಎತ್ತಿಕೊಂಡು ಹೊರಗೆ ಹೋಗಿ. ಗಾಳಿಗೆ ಎರಡು ಮೂರು ನಿಮಿಷ ನಿಂತರೆ ಬಹಳ ಸಲ ತಣ್ಣಗಾಗುತ್ತದೆ. ಎರಡನೇ ಸಲವೂ ಅದೇ ಆದರೆ ಊಟ ಕಟ್ಟಿಸಿಕೊಂಡು ರೂಮಿಗೆ ಬನ್ನಿ. ಪಕ್ಕದವರು ಒಮ್ಮೆ ತಿರುಗಿ ನೋಡಿದರೆ ನೋಡಲಿ, ಅವರಿಗೂ ದುಡ್ಡು ಕೊಟ್ಟ ಊಟ ಅದು. ನೀವು ಏನೋ ಪ್ರಯತ್ನ ಮಾಡುತ್ತಿದ್ದೀರಿ ಎಂದು ಕಂಡರೆ ಹೆಚ್ಚಿನವರು ಅಲ್ಲಿಗೆ ಬಿಟ್ಟುಬಿಡುತ್ತಾರೆ.

ದಿನಕ್ಕೆ ಮೂರು ಹೊತ್ತೂ ಹೋಟೆಲ್ ಬೇಡ. ಒಂದು ಹೊತ್ತು ಕೂತು ತಿನ್ನುವ ಊಟ ಸಾಕು. ಉಳಿದದ್ದು ರೂಮಿನಲ್ಲೋ ಪಾರ್ಕಿನ ಬೆಂಚಿನ ಮೇಲೋ ಆಗಲಿ. ಆ ಒಂದು ಹೊತ್ತು ಮಧ್ಯಾಹ್ನವಾದರೆ ಇನ್ನೂ ಒಳ್ಳೆಯದು. ನೀವು ಆಸೆಪಟ್ಟ ಆ ನಿಧಾನದ ರಾತ್ರಿಯೂಟ ಇದೆಯಲ್ಲ, ಅದನ್ನು ಮಕ್ಕಳ ಜೊತೆ ಮಾಡಲು ಹೋಗಬೇಡಿ. ಅಜ್ಜಿ ತಾತ ಜೊತೆಗಿದ್ದರೆ ಮಕ್ಕಳನ್ನು ಮಲಗಿಸಿ ನೀವಿಬ್ಬರೇ ಹೋಗಿ. ಯಾರೂ ಇಲ್ಲದಿದ್ದರೆ ಒಂದು ರಾತ್ರಿ ನೀವು, ಇನ್ನೊಂದು ರಾತ್ರಿ ಯಜಮಾನರು.

ಕೊನೆಯ ಪ್ರಶ್ನೆ, ಚೆಲ್ಲಾಡಿದ್ದು. ಕಾಲಿಗೆ ಸಿಗುವಂಥ ದೊಡ್ಡ ತುಂಡುಗಳನ್ನು ಹೆಕ್ಕಿ ಟಿಶ್ಯೂನಲ್ಲಿ ಸುತ್ತಿ ತಟ್ಟೆಗೆ ಹಾಕಿ. ನೀರೋ ಎಣ್ಣೆಯೋ ನೆಲಕ್ಕೆ ಬಿದ್ದಿದ್ದರೆ ಏಳುವ ಮೊದಲೇ ವೇಟರ್‌ಗೆ ಹೇಳಿ, ಬಿಸಿ ತಟ್ಟೆ ಹಿಡಿದು ಬರುವವರು ಜಾರಬಾರದು. ಮಂಡಿಯೂರಿ ಒಂದೊಂದೇ ಅಗುಳು ಆರಿಸುತ್ತಾ ಕೂರಬೇಕಿಲ್ಲ. ಅಷ್ಟರಲ್ಲಿ ಚಿಕ್ಕವನು ಬಾಗಿಲು ದಾಟಿರುತ್ತಾನೆ.

– ಸಂಪಾದಕ